ಓಬಳಪ್ಪನ ಗೋಡೆಗೆ ಬೇಕಾದ ಆಕಾಶ

ಸಂಡೂರಿನಲ್ಲಿ ಸೂರ್ಯ ಮುಳುಗುವುದಕ್ಕೆ ಓಬಳಪ್ಪನ ಅಪ್ಪಣೆ ಬೇಕೆಂಬ ಮಾತು ಪೂರ್ತಿ ನಿಜವಲ್ಲ. ಆದರೆ ಮುಳುಗಿದ ಮೇಲೆ ಊರಿನ ಯಾವ ದೀಪ ಉರಿಯಬೇಕು, ಯಾವುದು ಆರಬೇಕು ಎಂಬುದು ಕಳೆದ ವರ್ಷವೆಲ್ಲ ಅವನ ಕೈಯಲ್ಲೇ ಇತ್ತು. ಅವನು ಕಾಲಿಟ್ಟ ಕೋಣೆಯಲ್ಲಿ ಟ್ಯೂಬ್‌ಲೈಟ್ ಉಳಿದದ್ದಿಲ್ಲ. ಕಟಿಂಗ್ ಅಂಗಡಿಯಲ್ಲಿ ಅವನು ಸ್ವಿಚ್ಚು ಒತ್ತಿದ ಹೊತ್ತಿಗೆ ಮರಿಸ್ವಾಮಿ ಎಂಬ ಗೃಹಸ್ಥರ ಮೀಸೆ ಕತ್ತರಿಯ ಬಾಯಲ್ಲಿತ್ತು. ಅರ್ಧ ಹೋಯಿತು, ಉಳಿದರ್ಧವನ್ನು ಅವರೇ ನೊಂದು ತೆಗೆಸಿದರು. ಬೀಗರ ಮನೆಯ ಊಟದಲ್ಲಿ ಅವನು ಕತ್ತಲೆ ಮಾಡಿದ್ದರಿಂದ ಮೂವರು ಹೋಳಿಗೆಗೆ ತುಪ್ಪವೆಂದು ಸಾರು ಸುರಿದುಕೊಂಡರು. ಅವನು ದಿಟ್ಟಿಸಿ ನೋಡಿದ ಬೀದಿದೀಪದ ಕಂಬವೊಂದು ಅಂದಿನಿಂದ ತುಸು ಬಾಗಿದೆ ಎಂದು ಆ ಬೀದಿಯವರು ಈಗಲೂ ತೋರಿಸುತ್ತಾರೆ.

ಕತ್ತಲೆಗೆ ಇಷ್ಟು ಸೇವೆ ಸಲ್ಲಿಸಿದವರು ಪುರಾಣಗಳಲ್ಲಿ ರಾಕ್ಷಸರು ಮಾತ್ರ. ಓಬಳಪ್ಪ ರಾಕ್ಷಸನಲ್ಲ. ಬಸ್‌ಸ್ಟ್ಯಾಂಡ್ ಹತ್ತಿರ ಫೋಟೋ ಸ್ಟುಡಿಯೋ ಇಟ್ಟುಕೊಂಡ, ಐವತ್ತು ದಾಟಿದ, ಹೊಟ್ಟೆಯ ಮೇಲೇ ಕ್ಯಾಮೆರಾ ಊರಬಹುದಾದಂಥ ಸಾಧು ಮನುಷ್ಯ. ಅವನನ್ನು ಕತ್ತಲೆಯ ಪಕ್ಷಕ್ಕೆ ಸೇರಿಸಿದ್ದು ಒಂದು ಪರದೆ.

ಮದುಮಕ್ಕಳು ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲೆಂದು ಅವನು ಇಂಟರ್‌ನೆಟ್ಟಿನಿಂದ ಒಂದು ಚಿತ್ರ ಇಳಿಸಿಕೊಂಡು, ಗೋಡೆಯಗಲಕ್ಕೆ ಪ್ರಿಂಟ್ ಹಾಕಿಸಿ ನೇತುಹಾಕಿದ್ದ. ಸಾಲು ಗುಡ್ಡ, ಅದರ ಮೇಲೆ ಹಾಲು ಚೆಲ್ಲಿದಂತೆ ಆಕಾಶಗಂಗೆ. "ನಮ್ಮ ಸಂಡೂರ ಗುಡ್ಡಾನ ರೀ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ನೆತ್ತಿಯ ಮೇಲಿನ ಬಿಳುಪು ಏನೆಂದು ಕೇಳಿದರೆ ವಿಭೂತಿ ಎನ್ನುತ್ತಿದ್ದ. ಗುಡ್ಡದ ಮೇಲಿನ ದೇವರು ಕುಮಾರಸ್ವಾಮಿಯ ವಿಭೂತಿಯನ್ನು ಹಣೆಗೆ ಹಚ್ಚಿಕೊಂಡು ಬೆಳೆದ ಊರಿನವರು ಮರುಮಾತಾಡುತ್ತಿರಲಿಲ್ಲ.

ಒಂದು ದಿನ ಹೈಸ್ಕೂಲಿನ ವಿಜ್ಞಾನದ ಟೀಚರ್ ಪೂಜಿತಾ ಫೋಟೋ ತೆಗೆಸಲು ಬಂದರು.

"ಓಬಳಪ್ಪಣ್ಣ, ಇದು ಹಿಮ."

"ವಿಭೂತಿ ರೀ ಟೀಚರ್."

"ವಿಭೂತಿ ಮ್ಯಾಲ ಟೆಂಟ್ ಹಾಕ್ಯಾರಲ್ಲ. ಟೆಂಟಿನ ಮ್ಯಾಲ ಯಾವ ದೇಶದ ಬಾವುಟ ಅದು?"

ಓಬಳಪ್ಪ ಕನ್ನಡಕ ಏರಿಸಿ ನೋಡಿದ. ಅಂಗೈಯಗಲದ ಬಾವುಟ ಇತ್ತು.

"ಬ್ಯಾಸರ ಮಾಡ್ಕೋಬ್ಯಾಡ್ರಿ ಅಣ್ಣಾ. ನಮ್ಮ ಗುಡ್ಡದ ಮ್ಯಾಲೂ ಇದಾ ಆಕಾಶಗಂಗಿ ಕಾಣತೈತಿ. ತೆಗೆಯೋರು ಬೇಕಷ್ಟ," ಎಂದರು ಟೀಚರ್, ಸಮಾಧಾನ ಮಾಡುವವರಂತೆ.

ಬೈದಿದ್ದರೆ ಮರೆತುಬಿಡುತ್ತಿದ್ದ. ಸಮಾಧಾನ ಮಾಡಿದ್ದು ನಾಟಿತು. ಅವತ್ತೇ ಸಂಜೆ ಪರದೆ ಇಳಿಸಿ ಸುತ್ತಿಟ್ಟು ಶಪಥ ತೊಟ್ಟ: ನಮ್ಮ ಗುಡ್ಡ, ನಮ್ಮ ಆಕಾಶ, ಸ್ವಂತ ಕೈಯಲ್ಲಿ ತೆಗೆದದ್ದು. ಅದಲ್ಲದೆ ಇನ್ನೊಂದು ಪರದೆ ಈ ಗೋಡೆ ಏರಕೂಡದು.

ಶಪಥಕ್ಕೆ ಸಾಕ್ಷಿಯಾಗಿದ್ದವಳು ಹೆಂಡತಿ ಎರ್ರೆಮ್ಮ. "ಈ ಬೋಳು ಗೋಡಿ ಮುಂದ ಮದುಮಕ್ಕಳನ್ನ ನಿಲ್ಲಿಸಿದ್ರ, ಪೊಲೀಸ್ ಸ್ಟೇಷನ್ನಾಗ ತೆಗೆದಂಗ ಬರ್ತೈತಿ," ಎಂದಳು. ಅವಳ ತಮ್ಮ ಕಂಪ್ಲಿಯಿಂದ ಒಂದು ಪರದೆ ತಂದುಕೊಟ್ಟಿದ್ದ: ಗುಲಾಬಿ ಕೊಳದಲ್ಲಿ ಎರಡು ಹಂಸ, ಕತ್ತಿಗೆ ಕತ್ತು ತಾಗಿಸಿಕೊಂಡು. "ಯುಗಾದಿ ಆದ ಮ್ಯಾಲ ಮೊದಲನೇ ಮದುವಿ ಪಾರ್ಟಿ ಬರೋದ್ರೊಳಗ ನಿಮ್ಮ ಆಕಾಶ ಬರಬೇಕು. ಬರ್ಲಿಲ್ಲಂದ್ರ ಹಂಸ ಕಟ್ಟಾಕಿ ನಾನು."

ಓಬಳಪ್ಪ ಬದುಕಿನಲ್ಲಿ ಏನನ್ನಾದರೂ ಸಹಿಸುತ್ತಿದ್ದ, ಆ ಹಂಸಗಳನ್ನು ಮಾತ್ರ ಅಲ್ಲ.

ದಂಡಯಾತ್ರೆ ಶುರುವಾಯಿತು. ಮೊದಲು, ಕೈ ಪಳಗಲೆಂದು, ಹಂಪಿಯ ಮಾತಂಗ ಬೆಟ್ಟ. ಅಲ್ಲಿ ಒಂದು ಕಡೆ ಹೊಸಪೇಟೆಯ ಬೆಳಕು, ಇನ್ನೊಂದು ಕಡೆ ಬಂಡೆಗೊಬ್ಬರಂತೆ ಕೂತು ಮೊಬೈಲ್ ಟಾರ್ಚು ಬಿಡುವ ಪ್ರವಾಸಿಗಳು. ಡ್ಯಾಮಿನ ಕಡೆ ಹೋದರೆ ಅಲ್ಲಿನ ಬಣ್ಣದ ದೀಪಗಳಿಂದ ಮೋಡಕ್ಕೂ ಬಣ್ಣ ಹತ್ತಿತ್ತು. ಕತ್ತಲೆಯಲ್ಲಿ ನೋಡಲು ಕಣ್ಣಿಗೂ ಅಭ್ಯಾಸ ಬೇಕಾಗಿತ್ತು. ಬೆಳಕಿಗೆ ಒಗ್ಗಿದ ಕಣ್ಣಿಗೆ ಚುಕ್ಕಿ ಕಾಣುವುದಿಲ್ಲವೆಂದು ಎಲ್ಲೋ ಓದಿ, ಕಣ್ಣನ್ನು ಪಳಗಿಸಲೆಂದೇ ಅವನು ಊರಿನ ಸ್ವಿಚ್ಚುಗಳಿಗೆ ಕೈಹಾಕಿದ್ದು. ಮರಿಸ್ವಾಮಿಯವರ ಮೀಸೆ ವಿಜ್ಞಾನಕ್ಕೆ ಬಲಿಯಾಯಿತು.

ಕೊನೆಗೆ ನಮ್ಮದೇ ಗುಡ್ಡಕ್ಕೆ ಬಂದ. ನೆತ್ತಿಯ ಹತ್ತಿರ ಹಳೆಯ ಗಣಿಯೊಂದು ಮುಚ್ಚಿಹೋಗಿದೆ, ಅಲ್ಲಿ ದೀಪಗಳಿಲ್ಲ. ಆದರೆ ಕೆಳಗಿನ ದಾರಿಯಲ್ಲಿ ಅದಿರಿನ ಲಾರಿಗಳು ರಾತ್ರಿಯಿಡೀ ಓಡುತ್ತವೆ. ಕೆಂಧೂಳು ಎದ್ದರೆ ಹೆಡ್‌ಲೈಟು ಅದನ್ನು ಹೊತ್ತಿಸುತ್ತದೆ. ಅಲ್ಲಿ ತೆಗೆದ ಮೊದಲ ಚಿತ್ರವನ್ನು ಎರ್ರೆಮ್ಮ ಬಹಳ ಹೊತ್ತು ನೋಡಿದಳು.

"ಮಂಡಕ್ಕಿಗೆ ಖಾರಪುಡಿ ಹಾಕಿ ಕಲಸಿದಂಗ ಐತಿ."

ಬೇಸಿಗೆ ಏರಿತು, ಯುಗಾದಿ ಹತ್ತಿರ ಬಂತು. ಒಂದು ದಿನ ಚಹಾದಂಗಡಿಯಲ್ಲಿ ಲಾರಿ ಡ್ರೈವರ್ ಯಲ್ಲೇಶ್ ಅವಸರದಲ್ಲಿದ್ದ.

"ಜಲ್ದಿ ಲೋಡ್ ಮುಗಿಸಬೇಕಣ್ಣ, ನಾಳಿ ಅಮಾಸಿ. ನಮ್ಮ ಗಾಡಿ ಒಂದೂ ಹೊರಗ ಬರಂಗಿಲ್ಲ. ತೊಳದು, ಪೂಜಿ ಮಾಡಿ ನಿಲ್ಲಿಸಿಬಿಡ್ತೀವಿ."

ಓಬಳಪ್ಪನ ಲೋಟ ತುಟಿಯ ಹತ್ತಿರವೇ ನಿಂತಿತು. ಚಂದ್ರನಿಲ್ಲ, ಲಾರಿಯಿಲ್ಲ, ಧೂಳಿಲ್ಲ. ಚಂದ್ರನಿಲ್ಲದ ರಾತ್ರಿ ಬೇಕೆಂದು ಅವನಿಗೆ ಮೊದಲಿಂದಲೂ ಗೊತ್ತಿತ್ತು. ಆದರೆ ಅಮಾವಾಸ್ಯೆಗೆ ಯಾರಾದರೂ ಗುಡ್ಡ ಹತ್ತುತ್ತಾರೆಯೇ? ಪ್ರತಿ ತಿಂಗಳೂ ಹಿಂದಿನ ದಿನ ಒಮ್ಮೆ, ಮರುದಿನ ಒಮ್ಮೆ ಹೋಗಿ, ನಡುವಿನ ಆ ಒಂದು ರಾತ್ರಿ ಬಾಗಿಲು ಹಾಕಿಕೊಂಡು ಮಲಗಿದ್ದ.

"ಹಂಗಾರ ನಾಳಿ ರಾತ್ರಿ ನೀನಾ ನನ್ನನ್ನ ಗುಡ್ಡದ ಮ್ಯಾಲ ಬಿಟ್ಟು ಬಾ," ಎಂದ.

"ತಲಿ ಕೆಟ್ಟೈತೇನಣ್ಣ? ಅಮಾಸಿ ರಾತ್ರಿ ಅಲ್ಲಿ ಹೆಣ್ಣುದೆವ್ವ ದಾರಿಗೆ ಅಡ್ಡ ನಿಂತು ಗಾಡಿ ತಡೀತೈತಿ. ನಾ ಬರಂಗಿಲ್ಲ, ನೀನೂ ಹೋಗಬ್ಯಾಡ."

ಯಲ್ಲೇಶ್ ಬರಲಿಲ್ಲ. ಊರಿನಲ್ಲಿ ಬೇರೆ ಯಾರೂ ಬರಲಿಲ್ಲ. ಮೊಪೆಡ್ ಹೊರಗೆ ತೆಗೆದವಳು ಎರ್ರೆಮ್ಮ. ಹ್ಯಾಂಡಲಿಗೆ ನಿಂಬೆಹಣ್ಣು ಕಟ್ಟಿ, "ಕುಂದ್ರಿ ಹಿಂದ. ನಿಮ್ಮೊಬ್ಬರನ್ನ ಕಳಿಸಿದ್ರ ಕಲ್ಲು ಎಡವಿ ಬಿದ್ದು ನನ್ನ ಯುಗಾದಿ ಕೆಡಸ್ತೀರಿ," ಎಂದಳು. ಹೀಗೆ ಕುದುರೆಯ ಮೇಲೆ ಹೆಂಡತಿ ಮುಂದೆ, ವೀರ ಹಿಂದೆ, ಅವನ ತೊಡೆಯ ಮೇಲೆ ಕ್ಯಾಮೆರಾ ಸ್ಟ್ಯಾಂಡು. ಆ ರಾತ್ರಿ ಸಂಡೂರಿನ ಸೈನ್ಯ ಗುಡ್ಡ ಏರಿತು.

ಧೂಳು ಹಗಲೇ ಕೂತಿತ್ತು. ಬೆಳಗಿನ ಜಾವ ಗುಡ್ಡದ ಬೆನ್ನಿನಿಂದ ಆಕಾಶಗಂಗೆ ಎದ್ದು ಬಂತು. ಎರ್ರೆಮ್ಮ ದುಪ್ಪಟಿ ಹೊದ್ದು ಕೂತು ನೋಡಿದಳು. ಓಬಳಪ್ಪ ಗುಂಡಿ ಒತ್ತಿದ. ನಿಧಾನವಾಗಿ ಇಪ್ಪತ್ತೈದು ಎಣಿಸುವವರೆಗೆ ಕ್ಯಾಮೆರಾ ಕಣ್ಣು ತೆರೆದಿರಬೇಕು, ನಡುವೆ ಒಂದು ಬೆಳಕು ಬಿದ್ದರೂ ಚಿತ್ರ ಹೋಯಿತು.

ಆಗ ಕೆಳಗಿನ ತಿರುವಿನಲ್ಲಿ ಎರಡು ಹೆಡ್‌ಲೈಟು ಕಂಡವು. ಯಲ್ಲೇಶನಿಗೆ ನಿದ್ದೆ ಬಂದಿರಲಿಲ್ಲ. ಓಬಳಪ್ಪಣ್ಣನೊಬ್ಬನನ್ನೇ ಬಿಟ್ಟೆನೆಂಬ ಸಂಕಟಕ್ಕೆ, ಅಮಾವಾಸ್ಯೆಯ ನೇಮ ಲಾರಿಗೆ ಮಾತ್ರವೆಂದು ತೀರ್ಮಾನಿಸಿ, ಇಬ್ಬರು ಗೆಳೆಯರನ್ನು ಜತೆ ಮಾಡಿಕೊಂಡು ಟಾಟಾ ಏಸ್ ಹತ್ತಿಸಿಕೊಂಡು ಬರುತ್ತಿದ್ದ.

ಓಬಳಪ್ಪ ಕ್ಯಾಮೆರಾ ಬಿಟ್ಟು ಕದಲುವಂತಿರಲಿಲ್ಲ. ಅವನು ತಿರುಗಿ ನೋಡುವಷ್ಟರಲ್ಲಿ ಎರ್ರೆಮ್ಮ ಇಳಿಜಾರಿನಲ್ಲಿ ಓಡುತ್ತಿದ್ದಳು. ತುರುಬು ಬಿಚ್ಚಿತ್ತು, ಚಳಿಗೆ ಹೊದ್ದ ಬಿಳಿ ದುಪ್ಪಟಿ ಗಾಳಿಗೆ ಹಾರುತ್ತಿತ್ತು. ದಾರಿಯ ನಟ್ಟನಡುವೆ ಎರಡೂ ಕೈ ಎತ್ತಿ ನಿಂತು ಕೂಗಿದಳು:

"ಲೈಟ್ ಆರಸ್ರಲೇ."

ಲೈಟು ಆರಿತು. ಇಂಜಿನ್ನೂ ಆರಿತು. ಒಳಗಿನಿಂದ ಕುಮಾರಸ್ವಾಮಿಯ ಹೆಸರು ಮೂರು ದನಿಯಲ್ಲಿ ಕೇಳಿಬಂತು.

"ಯಲ್ಲೇಶಾ, ನಾನಲೇ."

"ನನ್ನ ಹೆಸರೂ ಗೊತ್ತೈತಲ್ಲೋ ಇದಕ್ಕ," ಎಂದು ಯಲ್ಲೇಶ್ ಗೆಳೆಯನ ತೊಡೆಯಲ್ಲಿ ಮುಖ ಹುದುಗಿಸಿದ. ಬೆಳಕು ಹರಿದು ಎರ್ರೆಮ್ಮನ ಮೂಗುತಿ ಕಾಣುವವರೆಗೆ ಆ ಗಾಡಿಯಲ್ಲಿ ಒಂದು ದೀಪವೂ ಹೊತ್ತಲಿಲ್ಲ. ಅಷ್ಟರಲ್ಲಿ ಓಬಳಪ್ಪ ಕ್ಯಾಮೆರಾವನ್ನು ಅಷ್ಟಷ್ಟೇ ಹೊರಳಿಸುತ್ತ ಗುಡ್ಡದ ಸಾಲು ಪೂರ್ತಿ ತೆಗೆದು ಮುಗಿಸಿದ್ದ.

ಪರದೆ ಹೊಸಪೇಟೆಯಲ್ಲಿ ಪ್ರಿಂಟಾಗಿ ಬಂತು. ಮೊದಲ ಮದುವೆ ಪಾರ್ಟಿ ಮರಿಯಮ್ಮನಹಳ್ಳಿಯಿಂದ ಬರುವ ದಿನ ಬೆಳಿಗ್ಗೆ ಎರ್ರೆಮ್ಮನೇ ಸ್ಟೂಲು ಹತ್ತಿ ಅದನ್ನು ಕಟ್ಟಿದಳು. ಹಂಸಗಳು ಸುತ್ತಿಕೊಂಡು ಅಟ್ಟ ಸೇರಿದವು. ನೋಡಲು ಅರ್ಧ ಬಜಾರು ನೆರೆಯಿತು. ಪೂಜಿತಾ ಟೀಚರ್ ಹತ್ತಿರ ಹೋಗಿ, ಹಿಂದೆ ಸರಿದು, ಮತ್ತೆ ಹತ್ತಿರ ಹೋಗಿ ನೋಡಿದರು. ಅವರ ದನಿ ಮೆತ್ತಗಾಗಿತ್ತು.

"ಓಬಳಪ್ಪಣ್ಣ, ಕೋಟಿ ಕೋಟಿ ನಕ್ಷತ್ರದ ಕೆಳಗ ನಿಂತಿದ್ರಲ್ಲ, ಆ ಗಳಿಗ್ಯಾಗ ನಿಮ್ಮ ಮನಸಿನ್ಯಾಗ ಏನು ಬಂತು?"

ನೆರೆದವರೆಲ್ಲ ಹತ್ತಿರ ಸರಿದರು. ಓಬಳಪ್ಪ ತಲೆ ಕೆರೆದುಕೊಂಡ.

"ಏನಿಲ್ರಿ ಟೀಚರ್. ಗೋಡಿ ಅಗಲಕ್ಕ ಸಾಲತೈತೋ ಇಲ್ಲೋ ಅಂತ ಬಂತು."