ಕೆಂಪು ಶಾಯಿಯಲ್ಲಿ ಬರೆದ ತೋಳು

ಆ ಬೇಸಗೆಯಲ್ಲಿ ನಮ್ಮ ಮನೆಯ ಮೇಲಂತಸ್ತಿಗೆ ಬಾಡಿಗೆಗೆ ಬಂದ ಹೆಂಗಸು ಸೀರೆಗೆ ಪಿನ್ನು ಹಾಕುತ್ತಿರಲಿಲ್ಲ. ಇದನ್ನು ನಾನು ಮೊದಲ ದಿನವೇ ಗಮನಿಸಿದೆ. ಸಾಮಾನಿನ ಲಾರಿ ಹಬ್ಬುವಾಡದ ನಮ್ಮ ಓಣಿಯಲ್ಲಿ ನಿಂತಿತ್ತು. ಆಕೆ ಕೈಮಗ್ಗದ ನೀಲಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಮಾಲರ ಜೊತೆಗೆ ತಾನೂ ಒಂದು ಕುರ್ಚಿ ಹೊತ್ತು ಮೆಟ್ಟಿಲೇರಿದಳು. ಮೇಲೆ ತಲುಪಿದಾಗಲೂ ಸೆರಗು ಇದ್ದಲ್ಲಿಯೇ ಇತ್ತು. ನನ್ನ ಸೀರೆಗೆ ಆಗ ಏಳು ಪಿನ್ನುಗಳಿರುತ್ತಿದ್ದವು: ಹೆಗಲಿಗೆ ಎರಡು, ನೆರಿಗೆಗೆ ಮೂರು, ಬೆನ್ನಿಗೆ ಒಂದು. ಏಳನೆಯದು ಅಕಸ್ಮಾತ್ ಬೇಕಾದರೆ ಇರಲೆಂದು ಬಳೆಯಲ್ಲಿ.

ಆಕೆ ಮೈಸೂರಿನ ಕಡೆಯವಳು, ಬ್ಯಾಂಕಿನ ಅಧಿಕಾರಿ, ವರ್ಗವಾಗಿ ಕಾರವಾರಕ್ಕೆ ಬಂದಿದ್ದಳು. ವಯಸ್ಸು ನನ್ನದೇ, ನಾಲ್ವತ್ತನಾಲ್ಕು. ಬಾಡಿಗೆಯ ಕರಾರುಪತ್ರದಲ್ಲಿ ನೋಡಿದ್ದೆ. ನೆರೆತ ಕೂದಲಿಗೆ ಬಣ್ಣ ಹಚ್ಚದೆ ಕುತ್ತಿಗೆಯವರೆಗೆ ಕತ್ತರಿಸಿಕೊಂಡಿದ್ದಳು. ರವಿಕೆಗೆ ತೋಳಿರಲಿಲ್ಲ. ನಾನು ನೆರೆಗೂದಲನ್ನು ಎರಡು ವಾರಕ್ಕೊಮ್ಮೆ, ಬಾಗಿಲು ಹಾಕಿಕೊಂಡು, ಕಪ್ಪು ಮಾಡಿಕೊಳ್ಳುತ್ತಿದ್ದವಳು.

ನಾನಾಗ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಮದುವೆಯಾಗಿರಲಿಲ್ಲ. ಅದರ ಬಗ್ಗೆ ಖೇದವೂ ಇರಲಿಲ್ಲ, ಏಕೆಂದರೆ ಪ್ರತಿ ಏಪ್ರಿಲ್ ತಿಂಗಳಲ್ಲಿ ಅಂಕೋಲೆಯ ಬೊಬ್ರುವಾಡದಿಂದ ನನ್ನ ತಂಗಿಯ ಮಗಳು ಬರುತ್ತಿದ್ದಳು. ಒಂದು ಬುಟ್ಟಿ ಇಶಾಡು ಮಾವಿನಹಣ್ಣು, ಒಂದು ಮಾಲೆ ಅಬ್ಬಲಿಗೆ ಹೂವು ಮತ್ತು ಆ ಹುಡುಗಿ, ಇಷ್ಟೂ ಒಂದೇ ಬಸ್ಸಿನಿಂದ ಇಳಿದಾಗ ನನ್ನ ಬೇಸಗೆ ಆರಂಭವಾಗುತ್ತಿತ್ತು. ಆಮೇಲಿನದೆಲ್ಲ ಕ್ರಮಬದ್ಧ. ಸಂಜೆ ನಾಲ್ಕಕ್ಕೆ ಮಾವಿನಹಣ್ಣು, ಸಿಪ್ಪೆ ಸುಲಿದು, ಚೌಕಾಕಾರದ ಹೋಳುಗಳಾಗಿ, ತಟ್ಟೆಯಲ್ಲಿ. ಐದೂವರೆಗೆ ಕಡಲತೀರ, ಗಾಳಿಮರಗಳ ಕೆಳಗಿನ ಸಿಮೆಂಟು ಬೆಂಚು. ರವಿವಾರ ಐಸ್‌ಕ್ರೀಮು. ಹುಡುಗಿ ಎಂಟು ವರ್ಷದವಳಿದ್ದಾಗ ನನ್ನಂತೆಯೇ ನಡುಬೈತಲೆ ತೆಗೆಯಲು ಹಟ ಹಿಡಿದಿದ್ದಳು. ಹನ್ನೆರಡನೆಯ ವಯಸ್ಸಿಗೆ ನನ್ನ ಸೀರೆಗಳನ್ನು ಬಣ್ಣದ ಅನುಕ್ರಮದಲ್ಲಿ ಮಡಚಿಡುತ್ತಿದ್ದಳು. "ದೊಡ್ಡಮ್ಮ, ನಾ ದೊಡ್ಡವಳಾದ್ಮೇಲೆ ನಿನ್ನ ಹಂಗೇ ಉಡ್ತೆ," ಎಂದು ಒಮ್ಮೆ ಹೇಳಿದ್ದಳು. ಅದನ್ನು ನಾನು ಯಾವ ಪ್ರಶಸ್ತಿಪತ್ರಕ್ಕಿಂತಲೂ ಜೋಪಾನವಾಗಿ ಇಟ್ಟುಕೊಂಡಿದ್ದೆ.

ಆ ವರ್ಷ ಹುಡುಗಿಗೆ ಹದಿನೇಳು. ಪಿಯುಸಿ ಪರೀಕ್ಷೆ ಮುಗಿಸಿ ಬಂದಿದ್ದಳು. ಬಂದ ಮೂರನೆಯ ದಿನ ಮೇಲಿನ ಮನೆಗೆ ನಾಲ್ಕು ಹಣ್ಣು ಕೊಟ್ಟುಬರಲು ನಾನೇ ಕಳುಹಿಸಿದೆ. ಹೋದವಳು ಒಂದೂವರೆ ಗಂಟೆಯ ನಂತರ ಇಳಿದು ಬಂದಳು. ಮೊಣಕೈಯವರೆಗೂ ಮಾವಿನ ರಸ ಒಣಗಿತ್ತು.

"ಆಂಟಿ ಚಾಕು ತಕಣೂದೇ ಇಲ್ಲ ದೊಡ್ಡಮ್ಮ. ಹಣ್ಣ ಹಿಸುಕಿ ಹಿಸುಕಿ, ತುದೀಲಿ ತೂತು ಮಾಡಿ ಚೀಪೂದು. ಬಾಲ್ಕನೀಲಿ ನಿಂತ್ಕಂಡಿ!"

"ಕೈ ತೊಳೆದುಕೋ," ಎಂದೆ.

ಅಂದಿನಿಂದ ನನ್ನ ವೇಳಾಪಟ್ಟಿ ಒಂದೊಂದೇ ಗೆರೆಯಾಗಿ ಅಳಿಸಿಹೋಯಿತು. ನಾಲ್ಕು ಗಂಟೆಗೆ ಹುಡುಗಿ ಮೇಲಿರುತ್ತಿದ್ದಳು. ಐದೂವರೆಗೆ ಮೂವರೂ ಕಡಲಿಗೆ ಹೊರಡುತ್ತಿದ್ದೆವು, ಆದರೆ ಬೆಂಚಿನ ಮೇಲೆ ನಾನೊಬ್ಬಳೇ. ಆಕೆ ಚಪ್ಪಲಿಗಳನ್ನು ನನ್ನ ಪಕ್ಕದಲ್ಲಿ ಬಿಟ್ಟು, ಸೀರೆಯನ್ನು ಒಂದು ಗೇಣು ಎತ್ತಿ, ಹುಡುಗಿಯ ಜೊತೆ ನೀರಿಗಿಳಿಯುತ್ತಿದ್ದಳು. ಅಂಚು ಒದ್ದೆಯಾದರೆ ಹಿಂಡಿ ಬಿಡುತ್ತಿದ್ದಳು, ಅಷ್ಟೇ. ಒದ್ದೆಯಾದ ಕೈಮಗ್ಗದ ಸೀರೆಯೂ ಆಕೆಯ ಮೈಮೇಲೆ ಹೀಗೇ ಇರಬೇಕಿತ್ತು ಎನ್ನುವಂತೆ ಕಾಣುತ್ತಿತ್ತು. ಇಸ್ತ್ರಿ ಮಾಡಿದ ನನ್ನ ಸೀರೆ ಆ ಸೆಖೆಯಲ್ಲಿ, ಆ ಉಪ್ಪುಗಾಳಿಯಲ್ಲಿ, ರಟ್ಟಿನ ಹಾಗೆ ನಿಂತಿರುತ್ತಿತ್ತು.

"ನೀವೂ ಬನ್ನಿ ಮೇಡಂ, ನೀರು ಬೆಚ್ಚಗಿದೆ," ಎಂದು ಆಕೆ ಕೂಗುತ್ತಿದ್ದಳು.

"ದೊಡ್ಡಮ್ಮ ಬರೂದಿಲ್ಲ ಆಂಟಿ. ಅವಳ ಪಿನ್ನೆಲ್ಲ ತುಕ್ಕು ಹಿಡಿತದೆ!" ಎಂದು ಹುಡುಗಿ ನಗುತ್ತಿದ್ದಳು.

ಚಪ್ಪಲಿ ಕಾಯುವ ಕೆಲಸ ನನ್ನದಾಗಿತ್ತು. ಆ ಚಪ್ಪಲಿಗಳೂ ಚೆನ್ನಾಗಿದ್ದವು.

ಹೊಟ್ಟೆಕಿಚ್ಚು ಎಂಬ ಪದದ ಅರ್ಥವನ್ನು ನಾನು ಇಪ್ಪತ್ತು ವರ್ಷ ಮಕ್ಕಳಿಗೆ ಬರೆಸಿದ್ದೆ. ಅದು ಎಷ್ಟು ದುಡಿಸುತ್ತದೆ ಎಂಬುದು ಆಗ ತಿಳಿಯಿತು. ಒಂದು ಮಧ್ಯಾಹ್ನ ಹುಡುಗಿ ಮೇಲೆ ಹೋದಾಗ, ಕಿಟಕಿ ಮುಚ್ಚಿ, ಪಿನ್ನಿಲ್ಲದೆ ಸೀರೆ ಉಟ್ಟು ನೋಡಿದೆ. ಅಡುಗೆಮನೆಗೆ ಹೋಗಿ ನೀರು ಕುಡಿದು ಬರುವಷ್ಟರಲ್ಲಿ ಸೆರಗು ಎರಡು ಬಾರಿ ಜಾರಿತು. ಮೂರನೆಯ ಬಾರಿ ಅದನ್ನು ಕಾಲಿಂದ ಮೆಟ್ಟಿದೆ. ಏಳೂ ಪಿನ್ನುಗಳನ್ನು ಮತ್ತೆ ಹಾಕಿಕೊಂಡೆ.

ರಜೆಯ ಕೊನೆಯ ವಾರ ಮೇಲಿನ ಮನೆಯವಳು ತನ್ನ ಆ ನೀಲಿ ಸೀರೆಯನ್ನೇ ಹುಡುಗಿಗೆ ಕೊಟ್ಟಳು, ಕುರ್ತಾ ಹೊಲಿಸಿಕೊಳ್ಳಲೆಂದು. ಹುಡುಗಿ ನೋಟುಬುಕ್ಕಿನ ಹಾಳೆಯೊಂದರ ಮೇಲೆ ಚಿತ್ರ ಬರೆದು, ಪಕ್ಕದಲ್ಲಿ ಅಳತೆಗಳನ್ನು ಬರೆದಳು. ತೋಳಿಲ್ಲ. ಬೆನ್ನಿನ ಕಡೆ ಕೊರಳು ಆಳ. ಬಲಬದಿಗೆ ಒಂದು ಜೇಬು. ಹಾಳೆಯನ್ನೂ ಬಟ್ಟೆಯನ್ನೂ ನನ್ನ ಕೈಗೆ ಕೊಟ್ಟಳು. ಪೇಟೆಯ ನಮ್ಮ ದರ್ಜಿ ನನ್ನ ಹಳೆಯ ವಿದ್ಯಾರ್ಥಿ.

"ಬೇರೆಯವ್ರಿಗೆ ಹದಿನೈದು ದಿನ ಹೇಳ್ತಾ. ನೀ ಕೊಟ್ರೆ ಎರಡೇ ದಿನ. ರವಿವಾರ ಬೀಚಿಗೆ ಹಾಕಣ್ಬೇಕು ದೊಡ್ಡಮ್ಮ, ಅಂವನಿಗೆ ಸರಿಯಾಗಿ ಹೇಳು, ಅಕಾ?"

ಅಂಗಡಿಯ ಕಟ್ಟೆಯ ಮೇಲೆ ಹಾಳೆಯನ್ನು ಬಿಡಿಸಿಟ್ಟಾಗ ನನಗೆ ಸಿಟ್ಟೇನೂ ಇರಲಿಲ್ಲ. ಕೈಚೀಲದಲ್ಲಿ ಕೆಂಪು ಪೆನ್ನಿತ್ತು, ರಜೆಯಲ್ಲಿಯೂ ಇರುತ್ತಿತ್ತು. 'ತೋಳಿಲ್ಲ' ಎಂಬುದನ್ನು ಹೊಡೆದು 'ಮೊಣಕೈವರೆಗೆ' ಎಂದು ಬರೆದೆ. ಕೊರಳಿನ ಆಳವನ್ನು ಅರ್ಧಕ್ಕಿಳಿಸಿದೆ. ಜೇಬಿಗೆ ಅಡ್ಡಗೆರೆ ಎಳೆದೆ. ಎಷ್ಟೋ ಸಾವಿರ ಉತ್ತರಪತ್ರಿಕೆಗಳನ್ನು ತಿದ್ದಿದ ಕೈ ನನ್ನದು.

ದರ್ಜಿ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಅಕ್ಕೋರೆ, ತೋಳು ಬೇಡ ಹೇಳಿ ಬರ್ದಿತ್ತಲ್ರಾ ಇಲ್ಲಿ?"

"ಬರೆದದ್ದು ತಪ್ಪು. ತಿದ್ದಿದ್ದೇನೆ."

"ನೀವು ತಿದ್ದಿದ್ಮೇಲೆ ಮುಗೀತು ಬಿಡ್ರಿ. ಆಗಿನ ಕಾಲ್ದಲ್ಲೂ ನಮಗೆ ತಿರುಗಿ ಕೇಳೂಕೆ ಧೈರ್ಯ ಇತ್ತಾ?" ಎಂದು ನಕ್ಕು ಅಳತೆಪಟ್ಟಿಯನ್ನು ಕೊರಳಿಗೆ ಹಾಕಿಕೊಂಡ.

ಒಂದು ಸಂಗತಿಯನ್ನು ನಾನು ಮರೆತಿದ್ದೆ. ಆತ ಹೊಲಿದ ಬಟ್ಟೆಯ ಜೊತೆ ಅಳತೆಯ ಚೀಟಿಯನ್ನೂ ಗುಂಡುಸೂಜಿಯಿಂದ ಸಿಕ್ಕಿಸಿ ಕೊಡುತ್ತಿದ್ದ. ಶಿಸ್ತಿನ ಹುಡುಗ, ನಾನೇ ಕಲಿಸಿದ್ದು.

ಶನಿವಾರ ಹುಡುಗಿ ಪೊಟ್ಟಣ ಬಿಚ್ಚಿದಳು. ತೋಳನ್ನು ಹಿಡಿದು ನೋಡಿದಳು. ಆಮೇಲೆ ಚೀಟಿಯನ್ನು ಓದಿದಳು. ನಾನು ಅಕ್ಕಿ ಆರಿಸುತ್ತ ಕುಳಿತಿದ್ದೆ. ಅತ್ತಾಳು, ಕೂಗಾಡಿಯಾಳು ಎಂದುಕೊಂಡಿದ್ದೆ. ಅದಕ್ಕೆ ಉತ್ತರವನ್ನೂ ಸಿದ್ಧಮಾಡಿಕೊಂಡಿದ್ದೆ: ಕಾಲ, ವಯಸ್ಸು, ಊರಿನ ಕಣ್ಣು, ಮೂರು ಅಂಶಗಳಲ್ಲಿ. ಹುಡುಗಿ ಚೀಟಿಯನ್ನು ನಾಲ್ಕಾಗಿ ಮಡಚಿದಳು.

"ನೀ ಬಾಯ್ಬಿಟ್ಟು ಹೇಳಿದ್ರೆ ನಾನೇ ತೋಳು ಇಡಿಸ್ತಿದ್ದೆ ದೊಡ್ಡಮ್ಮ," ಎಂದಳು. ನನ್ನ ಮೂರು ಅಂಶಗಳನ್ನು ಬಿಟ್ಟು ನಾನು ಮತ್ತೆ ಅಕ್ಕಿ ಆರಿಸತೊಡಗಿದೆ.

ಮರುದಿನ ಅದನ್ನೇ ತೊಟ್ಟು ಕಡಲಿಗೆ ಬಂದಳು. ಮೊಣಕೈವರೆಗಿನ ತೋಳುಗಳಲ್ಲಿ ಯಾರದೋ ಸಮವಸ್ತ್ರ ತೊಟ್ಟಂತೆ ಕಾಣುತ್ತಿದ್ದಳು. ಒಳಗೊಳಗೇ ನನಗೆ ಸಮಾಧಾನವಾಯಿತೆಂದು ಒಪ್ಪಿಕೊಳ್ಳಬೇಕು. ಮೇಲಿನ ಮನೆಯವಳು ಕುರ್ತಾವನ್ನು ಒಂದು ಕ್ಷಣ ನೋಡಿದಳು, ನನ್ನನ್ನೂ ನೋಡಿದಳು.

"ಬಾ ಇಲ್ಲಿ," ಎಂದು ಹುಡುಗಿಯನ್ನು ಹತ್ತಿರ ಕರೆದು, ಎರಡೂ ತೋಳುಗಳನ್ನು ಅಗಲವಾಗಿ ಎರಡು ಮಡಿಕೆ ಮೇಲೆತ್ತಿ ಮಡಚಿದಳು. ಎಡಗಡೆಯದನ್ನು ತುಸು ಓರೆಯಾಗಿ ಬಿಟ್ಟಳು. ಅಷ್ಟೇ ಕೆಲಸ. ಅರ್ಧ ನಿಮಿಷವೂ ಹಿಡಿಯಲಿಲ್ಲ. ಬಟ್ಟೆ ಜೀವ ಪಡೆಯಿತು, ಹುಡುಗಿ ನಕ್ಕಳು, ಇಬ್ಬರೂ ನೀರಿನ ಕಡೆಗೆ ಓಡಿದರು. ನಾನು ಕೆಡಿಸಲು ಹಾಕಿಸಿದ ತೋಳನ್ನೇ ಆಕೆ ಆಭರಣ ಮಾಡಿದ್ದಳು. ಅಂದು ಪಟ್ಟಷ್ಟು ಮತ್ಸರವನ್ನು ನಾನು ಆ ಬೇಸಗೆಯಲ್ಲಿ ಬೇರೆಂದೂ ಪಟ್ಟಿರಲಿಲ್ಲ.

ಹುಡುಗಿ ಮರುದಿನವೇ ಅಂಕೋಲೆಗೆ ಹೊರಟಳು. ಮೊದಲು ಗೊತ್ತುಮಾಡಿದ್ದ ದಿನಕ್ಕೆ ಇನ್ನೂ ಮೂರು ದಿನಗಳಿದ್ದವು.

ಮುಂದಿನ ಮಾರ್ಚ್ ತಿಂಗಳಲ್ಲಿ ಮೇಲಿನ ಮನೆಯವಳಿಗೆ ಮತ್ತೆ ವರ್ಗವಾಯಿತು. ಇನ್ನು ಏಪ್ರಿಲ್ ನನ್ನದೇ ಎಂದುಕೊಂಡೆ. ಏಪ್ರಿಲ್ ಬಂದಿತು; ಹಣ್ಣಿನ ಬುಟ್ಟಿ ಬಸ್ಸಿನಲ್ಲಿ ಬಂದಿತು; ಹುಡುಗಿ ಬರಲಿಲ್ಲ. ಕಂಪ್ಯೂಟರ್ ಕ್ಲಾಸು ಎಂದು ತಂಗಿ ಫೋನಿನಲ್ಲಿ ಹೇಳಿದಳು. ಒಬ್ಬಳೇ ಎಷ್ಟು ಹೋಳುಗಳನ್ನು ತಿನ್ನಲು ಸಾಧ್ಯ? ಅರ್ಧ ಬುಟ್ಟಿ ಕೊಳೆಯಿತು.

ಒಂದು ವಾರದ ನಂತರ, ನನ್ನ ಸೀರೆಗಳಲ್ಲಿ ಹುಡುಗಿ ಯಾವಾಗಲೂ ಎಲ್ಲಕ್ಕಿಂತ ಮೇಲೆ ಮಡಚಿಡುತ್ತಿದ್ದ ಹಸಿರು ಇಳಕಲ್ ಸೀರೆಯನ್ನು ಚೀಲಕ್ಕೆ ಹಾಕಿಕೊಂಡು ಬೊಬ್ರುವಾಡಕ್ಕೆ ಹೋದೆ. "ಇದರಲ್ಲಿ ನಿನಗೊಂದು ಹೊಲಿಸುತ್ತೇನೆ. ಅಳತೆ ಬರೆದುಕೊಡು," ಎಂದೆ.

ಹುಡುಗಿ ಸೀರೆಯ ಸೆರಗನ್ನು ಬಿಡಿಸಿ ನೋಡಿದಳು. "ನಿನ್ನ ಇಳಕಲ್ ಸೀರೆ ಕತ್ತರಿಸ್ತ್ಯಾ?"

"ಬರೆ."

ಒಳಗೆ ಹೋಗಿ ಬರೆದು ತಂದಳು, ನಾಲ್ಕಾಗಿ ಮಡಚಿ. ಅಂಕೋಲೆಯಿಂದ ಕಾರವಾರದವರೆಗೆ, ಕಿಟಕಿಯ ಪಕ್ಕದ ಸೀಟಿನಲ್ಲಿ, ಆ ಚೀಟಿ ನನ್ನ ಮಡಿಲಲ್ಲಿತ್ತು. ಕೆಂಪು ಪೆನ್ನು ಅದೇ ಕೈಚೀಲದಲ್ಲಿತ್ತು. ಚೀಟಿಯನ್ನು ಬಿಡಿಸಲಿಲ್ಲ. ಅಂಗಡಿಯಲ್ಲಿ ದರ್ಜಿ ಬಿಡಿಸಿ ಓದಿ, "ನೋಡ್ತ್ರಾ ಅಕ್ಕೋರೆ?" ಎಂದು ನನ್ನ ಕಡೆ ತಿರುಗಿಸಿದ. ನಾನು ರಸ್ತೆಯ ಕಡೆ ಮುಖ ಮಾಡಿದೆ. "ಬರೆದ ಹಾಗೆ ಹೊಲಿ."

ಮೇ ತಿಂಗಳಲ್ಲಿ ಹುಡುಗಿ ಎರಡು ದಿನಗಳ ಮಟ್ಟಿಗೆ ಬಂದಳು. ಬಂದ ಕೂಡಲೇ ಅದನ್ನು ತೊಟ್ಟು, ಬೆನ್ನು ತಿರುಗಿಸಿ, ತೋರಿಸಿದಳು. ತೋಳಿಲ್ಲ. ಕೊರಳು ಆಳ. ಬಲಬದಿಗೆ ಜೇಬು. ಬಟ್ಟೆ ಮಾತ್ರ ನನ್ನದು; ಉಳಿದದ್ದೆಲ್ಲ ಆ ಹೆಂಗಸಿನದು. ಊರು ಬಿಟ್ಟು ಹೋದವಳ ಮೇಲೆಯೂ ನನಗೆ ಹೊಟ್ಟೆಕಿಚ್ಚಾಯಿತು.

"ಚೆಂದ ಅದೆಯಾ ದೊಡ್ಡಮ್ಮ?"

"ಚೆನ್ನಾಗಿದೆ," ಎಂದೆ. ಅದು ನಿಜವೂ ಆಗಿತ್ತು.

ನಾಲ್ಕು ಗಂಟೆಗೆ ಹುಡುಗಿ ತಾನು ತಂದ ಬುಟ್ಟಿಯಿಂದ ಒಂದು ಹಣ್ಣು ತೆಗೆದು, ಹಿಸುಕಿ, ತುದಿಯನ್ನು ಕಚ್ಚಿ, ಬಾಗಿಲಲ್ಲಿ ನಿಂತು ಚೀಪತೊಡಗಿದಳು. ಬರಿಯ ತೋಳಿನ ಮೇಲೆ ರಸ ಇಳಿಯುತ್ತಿತ್ತು. ಇನ್ನೊಂದು ಹಣ್ಣನ್ನು ನನ್ನ ಕಡೆ ಚಾಚಿದಳು. ನಾನು ಅದನ್ನು ತೆಗೆದುಕೊಂಡು, ಚಾಕು ತರಲು ಒಳಗೆ ಹೋದೆ.