ಅಲ್ಲಾಡದ ಪಾಪೆ

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಬಣ್ಣದಕ್ಕ ಅಪರಿಚಿತನೊಬ್ಬನ ಎಡಗಣ್ಣಿನೊಳಗೆ ನೋಡುತ್ತಿದ್ದಳು. ಅವನ ಕೆನ್ನೆಯ ಮೇಲಿದ್ದ ಅವಳ ಹೆಬ್ಬೆರಳು ಕೆಳರೆಪ್ಪೆಯನ್ನು ಸ್ವಲ್ಪವೇ ಎಳೆದು ಹಿಡಿದಿತ್ತು. ಬಲಗಣ್ಣಿನ ಜಾಗ ಖಾಲಿ. ಆ ಜಾಗದ ಅಚ್ಚು ತೆಗೆದು, ಮೇಣದಲ್ಲಿ ಆಕಾರ ಮಾಡಿ, ಹಾಕಿ ನೋಡಿ, ಕೆರೆದು, ಮತ್ತೆ ಹಾಕಿ ನೋಡಿ, ಬಟ್ಟಲಿನ ತಣ್ಣೀರಿನಲ್ಲಿ ಇಟ್ಟಾಗಿತ್ತು. ಉಳಿದದ್ದು ಬಣ್ಣದ ಕೆಲಸ. ಅದಕ್ಕೆ ಬೇಕಾದದ್ದು ಇರುವ ಕಣ್ಣಿನ ಫೋಟೋ.

"ದಿನದಲ್ಲಿ ಹೆಚ್ಚು ಹೊತ್ತು ಯಾವ ಬೆಳಕಲ್ಲಿ ಇರ್ತೀರಿ?" ಎಂದು ಕೇಳಿದಳು.

"ಅಂಗಡೀಲೇ ಇರ್ತೀನಕ್ಕ. ಮೂರು ಟ್ಯೂಬ್‌ಲೈಟು. ಮುಂದೆ ಕನ್ನಡಿ, ಹಿಂದೆ ಕನ್ನಡಿ. ಒಂದು ನೊಣ ಬಂದ್ರೆ ಆರು ಕಾಣುತ್ತೆ."

ಅವನದು ಕ್ಷೌರದ ಕೆಲಸ.

"ಹಾಗಾದ್ರೆ ಪಾಪೆ ಮೂರು ಮಿಲಿಮೀಟರ್," ಎಂದಳು ಬಣ್ಣದಕ್ಕ, ಅವನ ಕಣ್ಣಿನಿಂದ ಕಣ್ಣು ಕೀಳದೆ.

ಮೂಲೆಯ ಕುರ್ಚಿಯಿಂದ ಮಾವನ ದನಿ ಬಂತು. "ನಾಲ್ಕು ಇಡಮ್ಮ. ನಾನು ಇದ್ದಷ್ಟು ದಿನ ಎಲ್ರಿಗೂ ನಾಲ್ಕೇ ಇಟ್ಟೆ. ಒಬ್ರೂ ವಾಪಸ್ ತಂದುಕೊಡ್ಲಿಲ್ಲ."

"ವಾಪಸ್ ಕೊಡೋಕೆ ಅದೇನು ಚಪ್ಪಲಿನಾ ಮಾವ?"

ಕ್ಷೌರದವನು ನಕ್ಕ. ಕಣ್ಣು ಅಲುಗಿತು. "ನಗಬೇಡಿ," ಎಂದು ಅವಳು ಕೆನ್ನೆಯ ಮೇಲಿನ ಹೆಬ್ಬೆರಳನ್ನು ಸ್ವಲ್ಪ ಒತ್ತಿದಳು.

ಕಣ್ಣಾಸ್ಪತ್ರೆಯ ಹಿಂಬದಿಯಲ್ಲಿ, ಔಷಧಿ ಉಗ್ರಾಣದ ಪಕ್ಕದ ಈ ಕೋಣೆಯಲ್ಲಿ ಕೃತಕ ಕಣ್ಣು ಮಾಡುತ್ತಾರೆ. ಕಟ್ಟುಹಲ್ಲಿಗೂ ಈ ಕಣ್ಣಿಗೂ ಬೇಕಾದದ್ದು ಒಂದೇ ಜಾತಿಯ ಅಕ್ರಿಲಿಕ್. ಹಾಗಾಗಿ ಹಲ್ಲಿನ ಸೆಟ್ಟು ಮಾಡುತ್ತಿದ್ದ ಮಾವ ಕಣ್ಣಿಗೂ ಕೈ ಹಾಕಿದ್ದರು. ಮಗ ಹಲ್ಲು ಹಿಡಿದ. ವಿಜ್ಞಾನದಲ್ಲಿ ಪದವಿ ಮುಗಿಸಿ ಬಂದ ಸೊಸೆ ಕಣ್ಣು ಹಿಡಿದಳು. "ನಮ್ಮನೇಲಿ ಒಬ್ರಿಗೆ ಹಲ್ಲು, ಒಬ್ರಿಗೆ ಕಣ್ಣು ಕೊಟ್ಟಾಯ್ತು. ಮೊಮ್ಮಗನಿಗೆ ಹೆಣ್ಣು ಹುಡುಕುವಾಗ ಮೂಗು ಮಾಡೋಕೆ ಬರುತ್ತಾ ಅಂತ ಕೇಳ್ಬೇಕು" ಎಂಬುದು ಮಾವ ಬಂದವರಿಗೆಲ್ಲ ಹೇಳುವ ಮಾತು. ಸೊಸೆಯ ಉಗುರುಗಳ ಸಂದಿಯಲ್ಲಿ ಯಾವಾಗಲೂ ಒಂದಿಷ್ಟು ಕಂದು ಇರುವುದರಿಂದ ನರ್ಸುಗಳು ಅವಳಿಗೆ ಬಣ್ಣದಕ್ಕ ಎಂದು ಹೆಸರಿಟ್ಟಿದ್ದರು. ಮಾವನ ಕೈ ನಡುಗತೊಡಗಿ, ಕಣ್ಣಿಗೆ ಪೊರೆ ಬಂದ ಮೇಲೆ ಕೋಣೆ ಅವಳದಾಗಿತ್ತು. ಕುರ್ಚಿ ಮಾತ್ರ ಇನ್ನೂ ಅವರದೇ.

ಬೆಳಕಿನ ಪ್ರಶ್ನೆ ಅವಳು ಸೇರಿಸಿದ್ದು. ಬೀದಿಯಲ್ಲಿ ಹೂ ಮಾರುವ ಹುಡುಗಿಯೊಬ್ಬಳಿಗೆ ಮಾವನ ಲೆಕ್ಕದಂತೆ ನಾಲ್ಕು ಮಿಲಿಮೀಟರಿನ ಪಾಪೆ ಇಟ್ಟು ಕಳಿಸಿದ್ದರು. ವಾರ ಕಳೆದ ಮೇಲೆ ಹುಡುಗಿಯ ತಾಯಿ ಬಂದು, ದೂರುವ ದನಿಯಲ್ಲಲ್ಲ, ಅರ್ಥವಾಗದವಳಂತೆ ಹೇಳಿದ್ದಳು: "ಒಂದು ಕಣ್ಣು ಯಾವಾಗ್ಲೂ ಹೆದರ್ಕೊಂಡ ಹಾಗಿದೆ." ಬಿಸಿಲಿನಲ್ಲಿ ಜೀವದ ಪಾಪೆ ಕಿರಿದಾಗುತ್ತದೆ, ಬಣ್ಣದ ಪಾಪೆ ಹಾಗೇ ಇರುತ್ತದೆ. ಅವತ್ತಿನಿಂದ ಬಣ್ಣದಕ್ಕ ಪ್ರತಿಯೊಬ್ಬರಿಗೂ ಅವರು ಬದುಕುವ ಬೆಳಕನ್ನು ಕೇಳಿಯೇ ಅಳತೆ ಹೇಳುತ್ತಾಳೆ.

ಕ್ಷೌರದವನ ಕಥೆ ಚಿಕ್ಕದು. ಲಾರಿಯ ಚಕ್ರದಿಂದ ಸಿಡಿದ ಕಲ್ಲು ಬಲಗಣ್ಣನ್ನು ತೆಗೆದುಕೊಂಡು ಹೋಯಿತು. ಎಡಗಣ್ಣು ಚೆನ್ನಾಗಿದೆ, ಕೈಯಂತೂ ಮೊದಲಿನದೇ. ಆದರೆ ಅವನ ಕುರ್ಚಿಯಲ್ಲಿ ಕೂತವರು ಕನ್ನಡಿಯಲ್ಲಿ ಅವನ ಮುಖ ನೋಡುತ್ತಾರೆ, ಆಮೇಲೆ ಅವನ ಕೈಯಲ್ಲಿರುವ ಕತ್ತಿ ನೋಡುತ್ತಾರೆ, ಆಮೇಲೆ ಏನೋ ನೆನಪಾದವರಂತೆ ಎದ್ದು ಹೋಗುತ್ತಾರೆ.

"ಕಪ್ಪು ಕನ್ನಡಕ ಹಾಕ್ಕೊಂಡು ನೋಡಿದೆ ಅಕ್ಕ. ಒಬ್ಬರು ಬಾಗಿಲಲ್ಲೇ ನಿಂತು, ಈ ಅಂಗಡೀನ ಕಳ್ಳರು ಯಾವಾಗ ತಗೊಂಡ್ರು ಅಂದ್ರು."

ಅಂಗಡಿ ಅವನ ಭಾವನದು. ಭಾವ ಒಳ್ಳೆಯವನೇ, ಆದರೆ ಖಾಲಿ ಕುರ್ಚಿಯನ್ನು ಎಷ್ಟು ದಿನ ಒರೆಸಿಡುತ್ತಾನೆ? ತಿಂಗಳ ಕೊನೆಗೆ ಹೊಸಬನೊಬ್ಬ ಬರುವುದೆಂದು ಮಾತಾಗಿತ್ತು. ಅಷ್ಟರೊಳಗೆ ಕಣ್ಣು ಸಿದ್ಧವಾಗಿ, ಇವನು ಕತ್ತಿ ಹಿಡಿದು, ಗಿರಾಕಿಗಳು ಎದ್ದು ಹೋಗದೆ ಕೂತರೆ ಕುರ್ಚಿ ಇವನದು. ಊರು ದೂರ. ಸಂಜೆಯ ರೈಲಿಗೆ ಅವನು ಹೋಗಲೇಬೇಕು. ಇವತ್ತು ಫೋಟೋ ಸಿಕ್ಕರೆ ಬಣ್ಣದಕ್ಕ ಅದನ್ನು ಎದುರಿಗಿಟ್ಟುಕೊಂಡು ಪದರದ ಮೇಲೆ ಪದರ ಬಣ್ಣ ಹಚ್ಚಿ, ಒಣಗಿಸಿ, ಅವನು ಮತ್ತೆ ಬರುವ ಹೊತ್ತಿಗೆ ಕಣ್ಣು ಮುಗಿಸಿರುತ್ತಾಳೆ. ಇದನ್ನೆಲ್ಲ ಅಚ್ಚು ಗಟ್ಟಿಯಾಗುವಷ್ಟರಲ್ಲಿ ಅವನೇ ಹೇಳಿ ಮುಗಿಸಿದ್ದ.

ಅವಳು ಕ್ಯಾಮೆರಾ ಎತ್ತಿ ಸ್ಟ್ಯಾಂಡಿಗೆ ಸಿಕ್ಕಿಸಿ, ಹತ್ತಿರದ ವಸ್ತುವಿಗೆಂದೇ ಮಾಡಿದ ಉದ್ದನೆಯ ಲೆನ್ಸನ್ನು ಅವನ ಎಡಗಣ್ಣಿಗೆ ಎದುರು ಮಾಡಿದಳು. ಪಾಪೆಯ ಸುತ್ತಲಿನ ಬಣ್ಣದ ಬಳೆ ಪರದೆ ತುಂಬ ನಿಂತಿತು: ಒಳಗೆ ಜೇನಿನ ಬಣ್ಣ, ಹೊರಗೆ ಕಾಫಿ ಬೀಜದ ಬಣ್ಣ, ಅಂಚಿನಲ್ಲಿ ತೆಳ್ಳಗೆ ಬೂದಿ. ಗುಂಡಿ ಒತ್ತಿದಳು. ಎಂದಿನ ಸದ್ದು ಬರಲಿಲ್ಲ. ಬಾಗಿಲು ಅರ್ಧಕ್ಕೆ ಸಿಕ್ಕಿಕೊಂಡ ಹಾಗೆ ಒಂದು ಮೊಂಡು ಸದ್ದು ಬಂತು. ಪರದೆ ಕಪ್ಪಾಗಿ ಅದರ ಮೇಲೆ ಬರಹ ಮೂಡಿತು: ಲೆನ್ಸಿನ ಜೊತೆ ಸಂಪರ್ಕ ಸರಿಯಿಲ್ಲ, ಸಂಪರ್ಕ ಬಿಂದುಗಳನ್ನು ಒರೆಸಿ.

"ಏನಂತೆ?" ಎಂದರು ಮಾವ.

"ಕ್ಯಾಮೆರಾಗೂ ಲೆನ್ಸಿಗೂ ಮಾತು ಬಿಟ್ಟಿದೆಯಂತೆ."

"ಒಂದೇ ಮನೇಲಿದ್ರೆ ಅಷ್ಟೇ."

ಅವಳು ಆರಿಸಿ, ಬ್ಯಾಟರಿ ತೆಗೆದು, ಹಾಕಿ, ಮತ್ತೆ ಒತ್ತಿದಳು. ಅದೇ ಸದ್ದು, ಅದೇ ಬರಹ. ಬೇರೆ ಬ್ಯಾಟರಿ ಹಾಕಿದಳು. ಅದೇ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು ಎಂಬುದು ಅವಳು ಕಾಲೇಜಿನ ಪ್ರಯೋಗಶಾಲೆಯಿಂದ ಹೊತ್ತು ತಂದ ಪಾಠ. ಎರಡು ಬಣ್ಣ ಒಟ್ಟಿಗೆ ಬದಲಾಯಿಸಿದರೆ ಯಾವುದು ಕೆಡಿಸಿತು ಎಂದು ತಿಳಿಯುವುದಿಲ್ಲ. ಲೆನ್ಸ್ ಬಿಚ್ಚಿದಳು. ಅದರ ಬುಡದಲ್ಲಿ ಸಾಲಾಗಿ ಪುಟ್ಟ ಚಿನ್ನದ ಬಣ್ಣದ ಬೊಟ್ಟುಗಳು. ಕ್ಯಾಮೆರಾದ ಬಾಯಲ್ಲಿ ಅವಕ್ಕೆ ಜೋಡಿಯಾದ ಮೊಳೆಗಳು. ಇವೆರಡೂ ಒಂದಕ್ಕೊಂದು ತಾಗಿದಾಗಲೇ ಕ್ಯಾಮೆರಾ ಹೇಳಿದ್ದು ಲೆನ್ಸಿಗೆ ಮುಟ್ಟುತ್ತದೆ.

"ಪೆನ್ಸಿಲ್ ರಬ್ಬರ್ ತಗೊಂಡು ಚೆನ್ನಾಗಿ ಉಜ್ಜು," ಎಂದರು ಮಾವ.

"ಉಜ್ಜಿದ್ರೆ ಮೇಲಿನ ಲೇಪ ಹೋಗುತ್ತೆ, ರಬ್ಬರಿನ ಪುಡಿ ಒಳಗೆ ಸೇರುತ್ತೆ."

ನೂಲು ಬಿಡದ ಬಟ್ಟೆಗೆ ಸ್ಪಿರಿಟ್ ಸೋಕಿಸಿ ಬೊಟ್ಟುಗಳನ್ನು ಒಂದೊಂದಾಗಿ ಒರೆಸಿದಳು. ಬಟ್ಟೆ ಅಷ್ಟೇನೂ ಕಪ್ಪಾಗಲಿಲ್ಲ. ಆರಲು ಬಿಟ್ಟು, ಲೆನ್ಸನ್ನು ಟಕ್ ಎನ್ನುವವರೆಗೂ ತಿರುಗಿಸಿ ಕೂರಿಸಿದಳು. ಗುಂಡಿ ಒತ್ತಿದಳು. ಅದೇ ಮೊಂಡು ಸದ್ದು.

ಕ್ಷೌರದವನು ಗೋಡೆಯ ಗಡಿಯಾರವನ್ನು ಒಮ್ಮೆ ನೋಡಿ, ನೋಡಿದ್ದು ಅವಳಿಗೆ ಕಂಡಿತೇನೋ ಎಂದು ಬೇಗ ಮುಖ ತಿರುಗಿಸಿದ. ಕಂಡಿತ್ತು.

"ಅಕ್ಕ, ನನ್ನ ಫೋನಲ್ಲಿ ತೆಗೆದ್ರೆ ಆಗಲ್ವಾ?"

ತೆಗೆದು ನೋಡಿದರು. ಹತ್ತಿರ ಹೋದರೆ ಮಸುಕು, ದೂರ ನಿಂತರೆ ಕಣ್ಣು ಕಡಲೆಕಾಳಿನಷ್ಟು. ಜೊತೆಗೆ ಫೋನು ತನಗೆ ತೋಚಿದಂತೆ ಬಣ್ಣ ತಿದ್ದಿ, ಕಣ್ಣಿನ ಬಿಳಿಯನ್ನು ಪಿಂಗಾಣಿ ಮಾಡಿಟ್ಟಿತ್ತು. ಯಾರ ಕಣ್ಣಿನ ಬಿಳಿಯೂ ಬಿಳಿಯಲ್ಲ. ಇವನದರಲ್ಲಿ ಒಂದಿಷ್ಟು ಹಳದಿ, ಮೂಗಿನ ಕಡೆ ಮೂರು ಕೆಂಪು ಎಳೆ. ಆ ಎಳೆಗಳನ್ನು ಬಣ್ಣದಕ್ಕ ಕಸೂತಿ ದಾರದಿಂದ ಬಿಡಿಸಿದ ನಾರಿನಲ್ಲಿ ಕೂರಿಸುತ್ತಾಳೆ.

"ಇದನ್ನ ನೋಡಿ ಕಣ್ಣು ಮಾಡಿದ್ರೆ ನೀವು ಸಿನಿಮಾದವರ ಹಾಗೆ ಕಾಣ್ತೀರಿ. ಅರ್ಧ ಮುಖ ಮಾತ್ರ."

"ಯಾವ ಅರ್ಧ ಅಂತ ಹೆಂಡ್ತೀನ ಕೇಳ್ತೀನಿ," ಎಂದ ಅವನು, ಫೋನನ್ನು ಜೇಬಿಗಿಳಿಸುತ್ತಾ.

"ಕೂರಿಸ್ಕೊಂಡು ನೋಡಿ ನೋಡಿ ಬರಿಯಮ್ಮ," ಎಂದರು ಮಾವ. "ನಾನು ಯಾವ ಕ್ಯಾಮೆರಾ ಇಟ್ಕೊಂಡಿದ್ದೆ?"

"ನಿಮ್ಮ ಹತ್ರ ಬಂದವರು ಎರಡು ದಿನ ಛತ್ರದಲ್ಲಿ ಮಲಗ್ತಿದ್ರು ಮಾವ. ಪದರ ಒಣಗಬೇಡ್ವಾ?"

ಅವಳು ಕ್ಯಾಮೆರಾ ರಿಪೇರಿಯವನಿಗೆ ಫೋನು ಮಾಡಿದಳು. ಅವನು ಪೂರ್ತಿ ಕೇಳಿಸಿಕೊಳ್ಳದೆಯೇ, ಬಿಟ್ಟು ಹೋಗಿ, ವಾರ ಹತ್ತು ದಿನ ಎಂದ. ಅವಳು ಫೋನು ಇಟ್ಟು, ಸೆರಗನ್ನು ಸೊಂಟಕ್ಕೆ ಬಿಗಿದಳು. ಮನೆಯಲ್ಲಿ ಸೆರಗು ಬಿಗಿಯುವುದನ್ನು ಕಂಡರೆ ಅವಳ ಗಂಡ ವಾದ ಅಲ್ಲಿಗೇ ನಿಲ್ಲಿಸುತ್ತಾನೆ.

ಬೀರುವಿನಲ್ಲಿ ಕ್ಯಾಮೆರಾದ ಜೊತೆಗೆ ಬಂದಿದ್ದ ಸಣ್ಣ ಲೆನ್ಸ್ ಇತ್ತು. ಅದನ್ನು ಹಾಕಿ ಒತ್ತಿದಳು. ಟಕ್ಕೆಂದು ಫೋಟೋ ಬಂತು. ಅದಕ್ಕೆ ಹತ್ತಿರದ ನೋಟವಿಲ್ಲ, ಕೆಲಸಕ್ಕೆ ಬಾರದು. ಆದರೆ ಒಂದು ವಿಷಯ ಖಚಿತವಾಯಿತು. ಕ್ಯಾಮೆರಾ ಚೆನ್ನಾಗಿದೆ, ಮೊಳೆಗಳು ಚೆನ್ನಾಗಿವೆ. ತಪ್ಪು ಉದ್ದ ಲೆನ್ಸಿನೊಳಗೆ.

ಮತ್ತೆ ಉದ್ದ ಲೆನ್ಸನ್ನೇ ಹಾಕಿದಳು. ಈ ಸಲ ಗುಂಡಿ ಒತ್ತದೆ ಸುಮ್ಮನೆ ನೋಡಿದಳು. ಪರದೆಯ ಮೇಲೆ ಕಣ್ಣು ಸ್ಪಷ್ಟವಾಗಿತ್ತು. ಗುಂಡಿಯನ್ನು ಅರ್ಧ ಒತ್ತಿದಳು. ಲೆನ್ಸು ಗೊರ್ ಎಂದು ಆಚೀಚೆ ಸರಿದು ಗುರಿ ಹಿಡಿಯಿತು. ಹಾಗಿದ್ದರೆ ಮಾತು ಪೂರ್ತಿ ಬಿಟ್ಟಿಲ್ಲ. ಕ್ಯಾಮೆರಾ ಹೇಳಿದ್ದರಲ್ಲಿ ಲೆನ್ಸು ಒಂದನ್ನು ಕೇಳುತ್ತದೆ, ಯಾವುದೋ ಒಂದನ್ನು ಕೇಳುತ್ತಿಲ್ಲ. ಪೂರ್ತಿ ಒತ್ತಿದ ಕ್ಷಣದಲ್ಲಿ ಮಾತ್ರ ಲೆನ್ಸಿಗೆ ಹೋಗುವ ಅಪ್ಪಣೆ ಯಾವುದು?

ಅವಳು ಬಟ್ಟಲಿನ ನೀರಿನಲ್ಲಿದ್ದ ಮೇಣದ ಕಣ್ಣನ್ನು ನೋಡುತ್ತಾ ನಿಂತಳು.

"ಮಾವ," ಎಂದಳು, "ನಾವು ಮಾಡೋ ಪಾಪೆ ಜನ್ಮದಲ್ಲಿ ಒಂದು ಸಲಾನೂ ಅಲ್ಲಾಡಲ್ಲ, ಅಲ್ವಾ?"

"ಅದೇ ಅಲ್ವಾ ಬೆಳಿಗ್ಗೆಯಿಂದ ಜಗಳ? ಮೂರೋ ನಾಲ್ಕೋ ಅಂತ."

ಲೆನ್ಸಿಗೂ ಒಂದು ಪಾಪೆ ಇದೆ. ತೆಳು ಲೋಹದ ಎಲೆಗಳು ಸೇರಿ ನಡುವೆ ಒಂದು ಕಂಡಿ ಬಿಡುತ್ತವೆ. ನೋಡುವಾಗ ಪೂರ್ತಿ ತೆರೆದಿರುತ್ತದೆ, ಫೋಟೋ ಹಿಡಿಯುವ ಕ್ಷಣದಲ್ಲಿ ಮಾತ್ರ ಕ್ಯಾಮೆರಾದ ಅಪ್ಪಣೆಯಂತೆ ಕಿರಿದಾಗುತ್ತದೆ. ಬಣ್ಣದಕ್ಕ ಯಾವಾಗಲೂ ಅದನ್ನು ಹನ್ನೊಂದಕ್ಕೆ ಇಡುತ್ತಿದ್ದಳು. ಸಂಖ್ಯೆ ಏರಿದಷ್ಟೂ ಕಂಡಿ ಕಿರಿದು. ರೆಪ್ಪೆಗೂದಲಿನಿಂದ ಹಿಡಿದು ಕಣ್ಣಿನ ಮೂಲೆಯವರೆಗೆ ಎಲ್ಲವೂ ಸ್ಪಷ್ಟ. ಎಲೆಗಳೇ ಅಪ್ಪಣೆ ಕೇಳದಿದ್ದರೆ? ಅಪ್ಪಣೆಯನ್ನೇ ಕೊಡದಿದ್ದರಾಯಿತು. ಹೇಗೂ ತೆರೆದೇ ಇರುವ ಕಂಡಿಯನ್ನು ಹಾಗೇ ತೆರೆದಿಟ್ಟು ಫೋಟೋ ಹಿಡಿದರೆ ಎಲೆಗಳು ಅಲ್ಲಾಡಬೇಕಾಗಿಲ್ಲ.

ಕ್ಯಾಮೆರಾದ ತಿರುಗಣಿಯನ್ನು ಕೊನೆಯವರೆಗೂ ತಿರುಗಿಸಿದಳು. ಪರದೆಯಲ್ಲಿ ಎರಡು ಪಾಯಿಂಟ್ ಎಂಟು ಎಂದು ನಿಂತಿತು. ಬೆಳಕು ಹೆಚ್ಚು ನುಗ್ಗುವುದರಿಂದ ದೀಪವನ್ನು ತಗ್ಗಿಸಿದಳು. ಒತ್ತಿದಳು.

ಟಕ್.

ಕೋಣೆಯಲ್ಲಿ ಮೂವರೂ ಉಸಿರು ಬಿಟ್ಟರು. ಫೋಟೋ ದೊಡ್ಡದು ಮಾಡಿ ನೋಡಿದಾಗ ಅವಳ ಮುಖ ಮತ್ತೆ ಬಿಗಿಯಿತು. ರೆಪ್ಪೆಗೂದಲು ಸ್ಪಷ್ಟ, ಬಣ್ಣದ ಬಳೆ ಮಸುಕು. ಕಂಡಿ ಇಷ್ಟು ಅಗಲವಾದರೆ ಸ್ಪಷ್ಟವಾಗುವುದು ಕಾಗದದ ದಪ್ಪದಷ್ಟು ಜಾಗ ಮಾತ್ರ. ಬಳೆ ಹೆಚ್ಚುಕಡಿಮೆ ಚಪ್ಪಟೆ, ಅದೊಂದೇ ಸ್ಪಷ್ಟವಾದರೆ ಸಾಕು. ಆದರೆ ಅದಕ್ಕೆ ಅವನ ತಲೆ ಕೂದಲೆಳೆಯಷ್ಟೂ ಅಲುಗಬಾರದು. ಎರಡನೆಯದು ತೆಗೆದಳು, ಮೂರನೆಯದು ತೆಗೆದಳು. ಪ್ರತಿ ಸಲ ಅವನು ಉಸಿರಾಡಿದ್ದು ಫೋಟೋದಲ್ಲಿ ಕಾಣುತ್ತಿತ್ತು.

"ತಲೆ ಅಲ್ಲಾಡ್ತಿದೆಯಾ?" ಎಂದು ಕೇಳಿದ ಕ್ಷೌರದವನು. ಇಡೀ ಬೆಳಿಗ್ಗೆ ಮೊದಲ ಸಲ ಅವನ ದನಿಯಲ್ಲಿ ಕಸುಬುದಾರನ ಗತ್ತು ಬಂದಿತ್ತು. "ಅದನ್ನ ಮೊದ್ಲೇ ಹೇಳ್ಬಾರ್ದಾ? ತಲೆ ನಿಲ್ಲಿಸೋದಕ್ಕೇ ಅಲ್ವಾ ನನಗೆ ಕಾಸು ಕೊಡೋದು."

ಕುರ್ಚಿಯನ್ನು ಗೋಡೆಗೆ ಎಳೆದುಕೊಂಡ. ಮಡಚಿದ ಟವೆಲನ್ನು ಕುತ್ತಿಗೆಯ ಹಿಂದೆ, ತಲೆಬುರುಡೆ ಶುರುವಾಗುವ ತಗ್ಗಿನಲ್ಲಿ ಒತ್ತಿ ಗೋಡೆಗೆ ಆನಿಸಿದ. ತುಂಟ ಗಿರಾಕಿಯನ್ನು ಹಿಡಿಯುವಂತೆ ತನ್ನದೇ ನೆತ್ತಿಯ ಮೇಲೆ ತನ್ನ ಐದೂ ಬೆರಳು ಊರಿದ. "ಬಾಯಿ ಸ್ವಲ್ಪ ತೆರ್ಕೊಂಡ್ರೆ ದವಡೆ ಸಡಿಲ ಆಗುತ್ತೆ, ಆಮೇಲೆ ತಲೆ ಕಲ್ಲು," ಎಂದು ತನಗೇ ಹೇಳಿಕೊಂಡು ಬಾಯಿ ತೆರೆದ.

"ನೊಣ ಹೋದೀತು," ಎಂದರು ಮಾವ.

"ಈ ಅಂಗಡೀಲಿ ಒಂದೇ ಯಜಮಾನ್ರೇ, ಆರಲ್ಲ."

ಬಣ್ಣದಕ್ಕ ಗುರಿ ಹಿಡಿಯುವ ಕೆಲಸವನ್ನು ಲೆನ್ಸಿನಿಂದ ಕಸಿದು ತನ್ನ ಕೈಗೆ ತೆಗೆದುಕೊಂಡಳು. ಸ್ಟ್ಯಾಂಡಿನ ತಿರುಪನ್ನು ಎಳ್ಳಷ್ಟು ಎಳ್ಳಷ್ಟೇ ಮುಂದಕ್ಕೆ ತಿರುಗಿಸುತ್ತಾ, ಪ್ರತಿ ತಿರುವಿಗೂ ಒಂದು ಫೋಟೋ ತೆಗೆಯುತ್ತಾ ಹೋದಳು. ರೆಪ್ಪೆಗೂದಲು ಮಸುಕಾಯಿತು. ಕಣ್ಣಿನ ಮೇಲಿನ ನೀರಿನ ಹೊಳಪು ಬಂದು ಹೋಯಿತು. ಆಮೇಲೆ, ಇದ್ದಕ್ಕಿದ್ದಂತೆ, ಬಳೆ ಎದ್ದು ನಿಂತಿತು: ಜೇನು, ಕಾಫಿ, ಬೂದಿ, ಕೆಳಗೆ ಎಡಕ್ಕೆ ಒಂದು ಸಾಸಿವೆಯಷ್ಟು ಕಪ್ಪು ಮಚ್ಚೆ. ಬರಿಗಣ್ಣಿಗೆ ಆ ಮಚ್ಚೆ ಅವಳಿಗೂ ಕಂಡಿರಲಿಲ್ಲ.

"ಸಿಕ್ತು," ಎಂದಳು.

ಅವನು ತನ್ನ ತಲೆಯನ್ನು ಬಿಡುಗಡೆ ಮಾಡಿದ.

ರೈಲು ಅವನಿಗೆ ಸಿಕ್ಕಿತು. ಲೆನ್ಸು ರಿಪೇರಿಗೆ ಹೋಯಿತು. ಒಳಗಿನ ಎಲೆಗಳಿಗೆ ಅಪ್ಪಣೆ ಒಯ್ಯುವ ಪಟ್ಟಿಯಂಥ ತೆಳು ತಂತಿ ಮಡಿಕೆಯಲ್ಲಿ ಸೀಳಿಹೋಗಿತ್ತಂತೆ. ಬಣ್ಣದಕ್ಕ ಎಂದಿನಂತೆ ಒಂದೊಂದೇ ಪದರ ಹಚ್ಚಿದಳು, ಮಚ್ಚೆಯನ್ನು ಮರೆಯಲಿಲ್ಲ. ಮುಂದಿನ ಸಲ ಬಂದಾಗ ಕ್ಷೌರದವನು ಹೊಸ ಕಣ್ಣು ಹಾಕಿಕೊಂಡು, ಒಂದು ಕನ್ನಡಿ ಮುಂದೆ, ಇನ್ನೊಂದು ಪಕ್ಕಕ್ಕೆ ಹಿಡಿದು, ಕೂದಲು ಕತ್ತರಿಸಿದ ತಲೆಯನ್ನು ಗಿರಾಕಿಗೆ ತೋರಿಸುವ ಹಾಗೆ ತನಗೆ ತಾನೇ ತೋರಿಸಿಕೊಂಡ. ಹೊರಡುವಾಗ ಮಾವನ ಗಡ್ಡ ನೋಡಿ, "ಇದನ್ನ ಯಾರು ಹೀಗೆ ಕೆತ್ತಿದ್ದು ಯಜಮಾನ್ರೇ?" ಎಂದಷ್ಟೇ ಕೇಳಿ ಹೋದ.

ತಿಂಗಳು ಮುಗಿಯುವ ಮುಂಚೆ ಅವನ ಫೋನು ಬಂತು. ಮಾವನಿಗೂ ಕೇಳಲೆಂದು ಅವಳು ಸ್ಪೀಕರ್ ಹಾಕಿದಳು.

"ಅಕ್ಕ, ಬಾಗಿಲಲ್ಲೇ ನಿಂತು ಕಳ್ಳರು ಅಂದಿದ್ರಲ್ಲ, ಅವರೇ ಬಂದಿದ್ರು. ಕೂತ್ರು. ಕನ್ನಡೀಲಿ ನನ್ನ ಮುಖ ನೋಡಿದ್ರು. ನಾನು ಕತ್ತಿ ತಗೊಂಡೆ."

"ಆಮೇಲೆ?"

"ಕತ್ತು ಹಿಂದಕ್ಕೆ ಹಾಕಿ ನಿದ್ದೆ ಮಾಡಿಬಿಟ್ರು ಅಕ್ಕ. ಗೊರಕೆ. ಭಾವ ಪಕ್ಕದ ಕುರ್ಚೀಲಿದ್ದ, ನೋಡ್ತಾ ನಿಂತ. ಆ ಹೊಸಬನಿಗೆ ಬೇರೆ ಕಡೆ ನೋಡ್ಕೊ ಅಂತ ಇವತ್ತು ಹೇಳಿ ಕಳಿಸಿದಾನೆ."

ಫೋನು ಇಟ್ಟ ಮೇಲೆ ಮಾವ ಗಡ್ಡ ಸವರಿಕೊಂಡರು.

"ಅವನಿಗೆ ಕೊನೆಗೆ ಎಷ್ಟು ಇಟ್ಟೆ?"

ಬಣ್ಣದಕ್ಕ ಕುಂಚ ತೊಳೆಯುತ್ತಿದ್ದಳು. ಹೊಸದಾಗಿ ಹೇಳುವುದೇನೂ ಇರಲಿಲ್ಲ. ಅವತ್ತು ಬೆಳಿಗ್ಗೆ ಅವನ ಕೆನ್ನೆಯ ಮೇಲೆ ಹೆಬ್ಬೆರಳಿಟ್ಟು, ಕ್ಯಾಮೆರಾ ಕೈಕೊಡುವ ಮೊದಲೇ ಅವಳು ಅದನ್ನು ಹೇಳಿಯಾಗಿತ್ತು: ಮೂರು ಮಿಲಿಮೀಟರ್.