ಕಡಲೆ ಹೊಲಕ್ಕೆ ಇಳಿದ ಎಚ್‌ಟಿ-ಟು

ಆ ವರ್ಷ, ೧೯೬೯ರಲ್ಲಿ, ನಮ್ಮ ಕಾಲೇಜು ಮುಚ್ಚಿತ್ತು. ಪ್ರತ್ಯೇಕ ತೆಲಂಗಾಣ ಬೇಕೆಂದು ಹೈದರಾಬಾದಿನ ವಿದ್ಯಾರ್ಥಿಗಳೆಲ್ಲ ಬೀದಿಗೆ ಇಳಿದಿದ್ದರು. ಪರೀಕ್ಷೆ ಯಾವಾಗ ಎಂದು ಯಾರಿಗೂ ಗೊತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಒಲೆ ಹೊತ್ತಿಸುವವರೂ ಬರದಂತಾದಾಗ ನಾನು ಟ್ರಂಕು ಹೊತ್ತು, ಬಸ್ಸು ಸಿಕ್ಕಲ್ಲಿ ಬಸ್ಸು, ಜೀಪು ಸಿಕ್ಕಲ್ಲಿ ಜೀಪು ಹಿಡಿದು ನ್ಯಾಲ್ಕಲ್ ಹತ್ತಿರದ ನಮ್ಮ ಹಳ್ಳಿಗೆ ಬಂದುಬಿಟ್ಟೆ. ಅಪ್ಪ ನಾರಾಯಣಖೇಡದಲ್ಲಿ ಸರ್ಕಾರಿ ನೌಕರಿಯಲ್ಲಿದ್ದರು. ಬಂದ್ ಮುಗಿಯುವವರೆಗೆ ಅವರು ಅಲ್ಲಿ, ನಾವು ಇಲ್ಲಿ. ಮನೆಯಲ್ಲಿ ಅವ್ವ, ಅಪ್ಪನ ತಾಯಿ ಆಯಿ, ಮತ್ತು ಅಪ್ಪನ ತಮ್ಮ ಕಾಕಾ ಇದ್ದರು.

ಕಾಕಾ ಬೆಳಿಗ್ಗೆ ಹೊಲ ನೋಡುತ್ತಿದ್ದ, ಉಳಿದ ಹೊತ್ತು ಜಹೀರಾಬಾದಿಗೆ ಸೈಕಲ್ ತುಳಿದು ಹೋಗಿ ಚಳವಳಿ ಮಾಡುತ್ತಿದ್ದ. ಅಂಗಿಯ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡಿರುತ್ತಿದ್ದ. ನನಗೆ ಅವನ ಚಳವಳಿ ಅರ್ಥವಾಗುತ್ತಿರಲಿಲ್ಲ. ನಮ್ಮ ಮನೆಮಾತು ಕನ್ನಡ. ನಾನು ಹುಟ್ಟಿದಾಗ ನಮ್ಮೂರು ಬೀದರ ಜಿಲ್ಲೆಯಲ್ಲಿತ್ತು. ಭಾಷೆಯ ಮೇಲೆ ರಾಜ್ಯಗಳನ್ನು ಹಂಚಿದಾಗ ಬೀದರ ಮೈಸೂರಿಗೆ ಹೋಯಿತು, ನಮ್ಮನ್ನು ಆಂಧ್ರಕ್ಕೆ ಸೇರಿಸಿದರು. ಈಗ ಕಾಕಾ ಆಂಧ್ರ ಬೇಡ, ತೆಲಂಗಾಣವೇ ಬೇಕು ಎಂದು ಹೇಳುತ್ತಿದ್ದ, ಅದೂ ಕನ್ನಡದಲ್ಲಿ.

"ಕಾಕಾ, ನಾವು ಯಾ ಕಡೀದೋರು?" ಎಂದು ಒಮ್ಮೆ ಕೇಳಿದೆ.

"ನೌಕರಿ ಯಾ ಕಡಿ ಸಿಗ್ತದೋ ಆ ಕಡೀದೋರು," ಎಂದ. ಸೈಕಲ್ ಹತ್ತುತ್ತ, "ಸದ್ಯಕ್ಕ ಯಾ ಕಡೀಯೂ ಸಿಗವಲ್ದು," ಎಂದ.

ಬೀದರಿನ ವಿಮಾನಗಳು ಮಾತ್ರ ಬಂದ್ ಕರೆಗೆ ಕಿವಿಗೊಟ್ಟಿರಲಿಲ್ಲ. ಅಲ್ಲಿ ವಾಯುಪಡೆಯ ಹೊಸ ಹುಡುಗರಿಗೆ ಹಾರುವುದು ಕಲಿಸುತ್ತಿದ್ದರು. ಒಬ್ಬರ ಹಿಂದೆ ಒಬ್ಬರು ಕೂರುವ, ಮೂಗಿನ ಮೇಲೆ ಪಂಖಾ ತಿರುಗುವ ಸಣ್ಣ ವಿಮಾನಗಳು. ಬೆಳಿಗ್ಗೆಯಾದರೆ ಸಾಕು, ನಮ್ಮ ತಲೆ ಮೇಲೆ ಬಂದು, ತಿರುಗಿ, ವಾಪಸು ಹೋಗುತ್ತಿದ್ದವು. ಅವು ಬರದ ದಿನ ರಜೆಯ ಐತಾರ ಎಂದು ಆಯಿ ಲೆಕ್ಕ ಹಿಡಿಯುತ್ತಿದ್ದಳು.

ಆ ದಿನ ಕಡಲೆ ಕಿತ್ತು ಖಾಲಿಯಾಗಿದ್ದ ಹೊಲದ ಬದುವಿನಲ್ಲಿ, ಬೇವಿನ ನೆರಳಲ್ಲಿ, ನಾನು ಮತ್ತು ಆಯಿ ಉಳಿದ ಗಿಡ ಬಡಿಯುತ್ತಿದ್ದೆವು. ಎಂದಿನಂತೆ ಮೇಲೆ ಸದ್ದು ಇತ್ತು. ಆಮೇಲೆ ಇರಲಿಲ್ಲ. ನಾನು ತಲೆ ಎತ್ತುವ ಹೊತ್ತಿಗೆ ವಿಮಾನ ಹುಣಸೆ ಮರದ ತುದಿಗೆ ತಾಗುವಷ್ಟು ಕೆಳಗೆ ಬಂದಿತ್ತು. ಅದರ ಪಂಖಾ ಕಡ್ಡಿಯಂತೆ ನಿಂತದ್ದು ಕಂಡಿತು. ಅದು ನಮ್ಮ ಹೊಲಕ್ಕೆ ಬಡಿದು, ಎಗರಿ, ಮತ್ತೆ ಬಡಿದು, ಮಣ್ಣೆಬ್ಬಿಸುತ್ತ ಓಡಿ ಬದುವಿಗೆ ಚಕ್ರ ಸಿಕ್ಕಿಸಿಕೊಂಡು ನಿಂತಿತು.

ಮುಂದಿನ ಆಸನದಿಂದ ಒಬ್ಬ ಹುಡುಗ ಇಳಿದ. ಹಿಂದಿನ ಆಸನ ಖಾಲಿ. ಹುಡುಗ ವಯಸ್ಸಿನಲ್ಲಿ ನನಗಿಂತ ದೊಡ್ಡವನಿರಲಿಲ್ಲ. ನೆಲಕ್ಕೆ ಕಾಲಿಟ್ಟವನೇ ರೆಕ್ಕೆ ಹಿಡಿದು ನಿಂತುಬಿಟ್ಟ. ಊರು ಓಡಿ ಬಂತು. ಒಬ್ಬರು ಪಾಕಿಸ್ತಾನದ್ದು ಅಂದರು. ಇನ್ನೊಬ್ಬರು ಚಳವಳಿಯವರನ್ನು ಮೇಲಿನಿಂದ ನೋಡಿ ಹಿಡಿಯಲು ಸರ್ಕಾರ ಕಳಿಸಿದ್ದು ಅಂದರು. ದಿನಾ ಕಾಣುತ್ತಿದ್ದ ವಿಮಾನವೇ ಇದು ಎಂದು ನೆಲದ ಮೇಲೆ ನಿಂತಾಗ ಯಾರಿಗೂ ಗುರುತು ಸಿಗಲಿಲ್ಲ.

ಹುಡುಗ ಕೇರಳದವನು. ಅವನ ಹಿಂದಿಗೂ ನಮ್ಮೂರ ಉರ್ದುವಿಗೂ ಹೊಂದಾಣಿಕೆಯಾಗಲಿಲ್ಲ. ಇಂಗ್ಲಿಷು ಬರುವವಳು ನಾನೊಬ್ಬಳೇ. ಅವನು ಮೊದಲು ಕೇಳಿದ್ದು, ಇದು ಯಾವ ರಾಜ್ಯ ಎಂದು. ಯಾವುದೆಂದು ಹೇಳುವುದು, ನಾನು ಆಯಿಯ ಕಡೆ ತಿರುಗಿದೆ.

"ಏನಂತ ಕೇಳ್ಲತ್ತಾನ?" ಎಂದಳು ಆಯಿ.

"ಇದು ಯಾ ರಾಜ್ಯ ಅಂತ."

"ಬೀದರ ಅಂತ ಹೇಳು. ನೀರು ಬೇಕೇನು ಕೇಳು ಮೊದಲ."

ಅಂದು ನಸುಕಿನಲ್ಲೇ ಹೋಗಿದ್ದ ಕಾಕಾ ಅಷ್ಟರಲ್ಲಿ ಜಹೀರಾಬಾದಿನಿಂದ ಸೈಕಲ್ ಮೇಲೆ ಬಂದ. ಊರಿನ ಹೊರಗೆ ಸುದ್ದಿ ಕೇಳಿ ನೇರ ಹೊಲಕ್ಕೇ ಬಂದಿದ್ದ. ಬಂದವನು ವಿಮಾನದ ಸುತ್ತ ಒಂದು ಸುತ್ತು ಹಾಕಿ, ಒಬ್ಬನನ್ನು ಮನೆಗೆ ಓಡಿಸಿ ಸುಣ್ಣದ ಡಬ್ಬಿ, ಕುಂಚ ತರಿಸಿದ. ರೆಕ್ಕೆಯ ಮೇಲೆ ಜೈ ತೆಲಂಗಾಣ ಎಂದು ಬರೆಯುವುದು ಅವನ ವಿಚಾರ. ಹುಡುಗ ಓಡಿ ಬಂದು ಅಡ್ಡ ನಿಂತ. ಬೇಡ, ಬೇಡ, ನನ್ನನ್ನು ಮನೆಗೆ ಕಳಿಸಿಬಿಡುತ್ತಾರೆ, ಇದು ಯಾರದೋ ವಿಮಾನ ಅಲ್ಲ, ನಮ್ಮದೇ, ನಮ್ಮ ಜನ ತಾವೇ ನಕ್ಷೆ ಬರೆದು ಬೆಂಗಳೂರಿನಲ್ಲಿ ಕಟ್ಟಿದ್ದು ಎಂದ. ನಾನು ಅದನ್ನೆಲ್ಲ ಕನ್ನಡದಲ್ಲಿ ಹೇಳಿದೆ.

"ಬೆಂಗಳೂರು ಅಂದ್ರ ಮೈಸೂರಿನೋರದು," ಎಂದ ಕಾಕಾ. "ಇಂಜಿನ್ನೂ ಅಲ್ಲೀದೇ ಏನು ಕೇಳು."

ಕೇಳಿದೆ. ಇಂಜಿನ್ ಇಂಗ್ಲೆಂಡಿನದು ಎಂದು ಹುಡುಗ ಸಣ್ಣ ದನಿಯಲ್ಲಿ ಒಪ್ಪಿಕೊಂಡ.

ಕಾಕಾ ಕುಂಚ ಹಿಡಿದು ಯೋಚಿಸಿದ. ಮೈ ಮೈಸೂರಿನದು, ಹೊಟ್ಟೆ ಇಂಗ್ಲೆಂಡಿನದು, ಇಳಿದದ್ದು ನಮ್ಮ ಹೊಲದಲ್ಲಿ. ಇದರ ಮೇಲೆ ತೆಲಂಗಾಣ ಎಂದು ಬರೆದರೆ ಯಾರ ವಿರುದ್ಧ ಬರೆದ ಹಾಗಾಯಿತು ಎಂದು ಅವನಿಗೆ ತಿಳಿಯಲಿಲ್ಲ ಎಂದು ಕಾಣುತ್ತದೆ.

"ಬರದ್ರ ಓದೋರ್ ಯಾರೋ?" ಎಂದಳು ಆಯಿ. "ಮ್ಯಾಲ ಹೋದ್ರ ಕಾಣಾಂಗಿಲ್ಲ. ಇಲ್ಲಿ ಇದ್ರ ಓದಾಕ ಬರೋರಿಲ್ಲ. ಇಡು ಡಬ್ಬಿ."

ಕಾಕಾ ಡಬ್ಬಿ ಇಟ್ಟ. ಬೀದರ ಕಡೆಯ ರಸ್ತೆಗೆ ಬಂದ್ ಇರಲಿಲ್ಲವಾದ್ದರಿಂದ ಅವನೇ ಒಬ್ಬನನ್ನು ಸುದ್ದಿ ಮುಟ್ಟಿಸಲು ಕಳಿಸಿದ. ಕಾಯುವಾಗ ಹುಡುಗ ಆಯಿ ಕೊಟ್ಟ ಮಜ್ಜಿಗೆ ಕುಡಿದು ನನ್ನ ಹತ್ತಿರ ಬಂದ. ಸದ್ದು ನಿಂತದ್ದು ನಿಮ್ಮ ಕಿವಿಗೆ ಬಿದ್ದಿರಬೇಕಲ್ಲ, ಇಂಜಿನ್ ನಿಂತದ್ದು ನಾನು ಎತ್ತರದಲ್ಲಿ ಇದ್ದಾಗಲೇ ಅಲ್ಲವೇ ಎಂದ. ಕಲಿಯುವವರು ಆಸೆಗೆ ಬಿದ್ದು ಅಪ್ಪಣೆಯಿಲ್ಲದೆ ತಗ್ಗಿನಲ್ಲಿ ಹಾರುವುದುಂಟಂತೆ. ಹಾಗೆ ಮಾಡಿ ಕೆಟ್ಟದ್ದಾದರೆ ಅಲ್ಲಿಗೆ ಕಲಿಕೆ ಮುಗಿಯಿತು. ಇಂಜಿನ್ ತಾನಾಗಿ ಮೇಲೇ ನಿಂತಿದ್ದರೆ ಮಾತ್ರ ಅವನ ತಪ್ಪಿಲ್ಲ.

ನಾನು ಕಣ್ಣು ಮುಚ್ಚಿ ನೆನಪಿಸಿಕೊಂಡೆ. ಸದ್ದು ಇತ್ತು, ಆಮೇಲೆ ಇರಲಿಲ್ಲ, ಆಮೇಲೆ ಹುಣಸೆ ಮರ. ನಡುವೆ ಏನಾಯಿತು? ದಿನಾ ಕೇಳುವ ಸದ್ದು ನಿಂತದ್ದು ಯಾವಾಗ ಎಂದು ಹೇಗೆ ಹೇಳುವುದು? ನನಗೆ ಗೊತ್ತಿಲ್ಲ ಎಂದೆ. ಅವನ ಮುಖ ಸಪ್ಪಗಾಯಿತು.

ಮಧ್ಯಾಹ್ನ ಬೀದರಿನಿಂದ ಜೀಪಿನಲ್ಲಿ ವಾಯುಪಡೆಯ ಒಬ್ಬ ಅಧಿಕಾರಿ ಬಂದರು. ಅವರು ಕೇಳಿದ್ದೂ ಅದೇ ಪ್ರಶ್ನೆ. ನಾನು ಅದೇ ಉತ್ತರ ಕೊಟ್ಟೆ. ಆಗ ಕಾಕಾ ಮುಂದೆ ಬಂದು ಉರ್ದುವಿನಲ್ಲಿ, ತಾನು ಕಣ್ಣಾರೆ ಕಂಡೆ, ಅಗೋ ಅಷ್ಟು ಎತ್ತರದಲ್ಲಿದ್ದಾಗಲೇ ಪಂಖಾ ನಿಂತಿತು, ಹುಡುಗ ಊರಿನ ಮೇಲೆ ಬೀಳದ ಹಾಗೆ ತಿರುಗಿಸಿ ತಂದ ಎಂದ. ತೋಳಿನ ಕಪ್ಪು ಪಟ್ಟಿಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು ಇಷ್ಟು ಹೇಳಿದ. ಅಧಿಕಾರಿ ತಲೆಯಾಡಿಸಿದರು. ನಾನು ಕಾಕಾನ ಮುಖ ನೋಡಿದೆ. ವಿಮಾನ ಇಳಿದ ಹೊತ್ತಿನಲ್ಲಿ ಅವನು ಜಹೀರಾಬಾದ್ ರಸ್ತೆಯಲ್ಲಿದ್ದ, ನಡುವೆ ದಿಬ್ಬ ಇತ್ತು, ಊರ ಹೊರಗೆ ಸುದ್ದಿ ಕೇಳುವವರೆಗೆ ಅವನಿಗೆ ಏನೂ ಗೊತ್ತಿರಲಿಲ್ಲ.

"ಕಾಕಾ, ಹಂಗ್ಯಾಕ್ ಹೇಳ್ದಿ?" ಎಂದು ಆಮೇಲೆ ಕೇಳಿದೆ.

"ನಂಗೂ ಗೊತ್ತಿಲ್ಲವ್ವಾ," ಎಂದ. "ನಮ್ಮ ಹೊಲದಾಗ ಇಳದಾನ. ಬಾಯಿಂದ ಬಂದ್ಬಿಡ್ತು."

ಮರುದಿನ ವಾಯುಪಡೆಯ ಆಳುಗಳು ಬಂದು ರೆಕ್ಕೆ ಕಳಚಿ, ಎಲ್ಲವನ್ನೂ ಲಾರಿಗೆ ಹೇರಿ ಬೀದರಿಗೆ ಒಯ್ದರು. ಆ ವಿಮಾನದ ಹೆಸರು ಎಚ್‌ಟಿ-ಟು ಎಂದು ಹುಡುಗ ಹೇಳಿದ್ದ. ತಾಂಡೂರಿನಲ್ಲಿ ಶಿಕ್ಷಕಿಯಾದ ಮೇಲೆ ಅದರ ಬಗ್ಗೆ ಸಿಕ್ಕದ್ದನ್ನೆಲ್ಲ ಓದಿದೆ. ಸ್ವಾತಂತ್ರ್ಯ ಬಂದ ಕೆಲವೇ ವರ್ಷಗಳಲ್ಲಿ ನಮ್ಮ ಇಂಜಿನಿಯರುಗಳು ತಾವೇ ರೂಪಿಸಿದ ವಿಮಾನ ಅದು. ಪಿಸ್ಟನ್ ಇಂಜಿನು, ಹಿಂದೆ ಮುಂದೆ ಎರಡು ಆಸನ, ಬಾಲದ ಕೆಳಗೆ ಒಂದು ಸಣ್ಣ ಚಕ್ರ. ದೇಶದ ಎಷ್ಟೋ ಪೈಲಟರು ಮೊದಲು ಹಾರಿದ್ದು ಅದರಲ್ಲೇ. ಘಾನಾ ದೇಶಕ್ಕೂ ಕೆಲವನ್ನು ಕೊಟ್ಟರಂತೆ. ಕೊನೆಗೆ ಅದಕ್ಕೆ ವಯಸ್ಸಾಗಿ, ಅಕ್ಕಪಕ್ಕ ಕೂರುವ ಬೇರೊಂದು ಪಿಸ್ಟನ್ ವಿಮಾನ ಅದರ ಜಾಗಕ್ಕೆ ಬಂತು. ಓದಿದಷ್ಟೂ ಅದು ನಾನು ಕಂಡದ್ದಲ್ಲ ಎನ್ನಿಸುತ್ತಿತ್ತು. ಪುಸ್ತಕದ್ದು ಹಾರುವ ವಿಮಾನ. ನನ್ನದು ಕೈಗೆ ತಾಗಿದ ಬಿಸಿ ತಗಡು, ಎಣ್ಣೆ ವಾಸನೆ.

ಹುಡುಗ ಮತ್ತೆ ಬಂದ. ವಿಮಾನ ಒಯ್ದು ಆಗ ಕೆಲವು ವಾರ ಕಳೆದಿತ್ತು. ಸಾದಾ ಅಂಗಿ ತೊಟ್ಟು, ಆಯಿಗೆಂದು ಬೀದರಿನಿಂದ ಮಿಠಾಯಿ ಪೊಟ್ಟಣ ತಂದಿದ್ದ. ಕಟ್ಟೆಯ ಮೇಲೆ ಕೂತು ನಗುನಗುತ್ತಲೇ ಹೇಳಿದ: ಅಧಿಕಾರಿಗಳು ನನ್ನ ಮಾತು ನಂಬಿದರು, ಮತ್ತೆ ಹಾರಲು ಕರೆದರು. ಆದರೆ ಮೇಲೆ ಹೋದ ಮೇಲೆ ಹಿಂದೆ ಕೂತ ಗುರು ಅಭ್ಯಾಸಕ್ಕೆಂದು ಇಂಜಿನ್ನಿನ ಸದ್ದು ಇಳಿಸಿದ ಕೂಡಲೇ ಕೈ ಮರಗಟ್ಟಿ ಹೋದವು. ಎರಡನೆಯ ಸಲವೂ ಹಾಗೇ ಆಯಿತು. ನಾನೇ ನೆಲದ ಮೇಲಿನ ಕೆಲಸ ಕೇಳಿಕೊಂಡೆ. ಈಗ ಚೆನ್ನಾಗಿ ನಿದ್ದೆ ಬರುತ್ತಿದೆ.

ಅವನ ಮಾತನ್ನು ನಾನು ಕನ್ನಡದಲ್ಲಿ ಹೇಳಿದಾಗ ಕಾಕಾನಿಗೆ ಸಿಟ್ಟು ಬಂತು. "ಮತ್ತ ನಾ ಸುಳ್ಳು ಹೇಳಿದ್ದು ಯಾತಕ್ಕ? ಖರೆ ಏನಾತು ಅಂತ ಕೇಳು ಅಂವಗ."

ಇಂಜಿನ್ ನಿಜವಾಗಿ ಯಾವಾಗ ನಿಂತಿತು ಎಂದಷ್ಟೇ ಕೇಳಿದೆ. ಅವನ ನಗು ನಿಂತಿತು. ನನಗೇ ನೆನಪಿಲ್ಲ ಎಂದ. ಅಧಿಕಾರಿಗಳ ಮುಂದೆ ಅಷ್ಟೊಂದು ಸಲ ಹೇಳಿ ಹೇಳಿ ಯಾವುದು ನಡೆದದ್ದು, ಯಾವುದು ಹೇಳಿದ್ದು ಎಂದು ಗೊತ್ತಾಗದು. ಆದರೆ ನಿಮ್ಮ ಕಾಕಾ ಕಂಡಿದ್ದಾರಲ್ಲ, ಅವರು ಕಂಡದ್ದೇ ನಿಜ ಇರಬೇಕು. ಆ ಒಂದು ಧೈರ್ಯವಿಲ್ಲದಿದ್ದರೆ ನನ್ನ ಮೇಲೆ ನನಗೇ ನಂಬಿಕೆ ಇರುತ್ತಿರಲಿಲ್ಲ.

"ಏನಂದ?" ಎಂದ ಕಾಕಾ.

ಇಬ್ಬರೂ ನನ್ನ ಬಾಯಿ ನೋಡುತ್ತಿದ್ದರು. ನಿಮ್ಮ ಉಪಕಾರ ಮರೆಯಂಗಿಲ್ಲ ಅಂತಾನ ಎಂದು ಕಾಕಾನಿಗೆ ಹೇಳಿದೆ. ಊಟ ಮಾಡಿಕೊಂಡೇ ಹೋಗಬೇಕಂತೆ ಎಂದು ಹುಡುಗನಿಗೆ ಹೇಳಿದೆ. ಅವನು ಜೋಳದ ರೊಟ್ಟಿ ತಿನ್ನಲಾರದೆ ತಿಂದು ಸಂಜೆಯ ಬಸ್ಸಿಗೆ ಹೋದ. ಅವನನ್ನು ಬಸ್ಸು ಹತ್ತಿಸಿ ಬಂದ ಕಾಕಾನಿಗೆ ಆಮೇಲೆ ಎಲ್ಲವನ್ನೂ ಇದ್ದ ಹಾಗೆ ಹೇಳಿದೆ. ಅವನು ಸೈಕಲ್ ಹಿಡಿದೇ ನಿಂತಿದ್ದ.

"ಹಂಗಾರ," ಎಂದ, "ನಾ ಹೇಳಿದ್ದು ಖರೇನೇ ಇತ್ತೋ ಏನೋ."

ಕಾಲೇಜು ತೆರೆಯಿತು, ನಾನು ಹೋದೆ. ತೆಲಂಗಾಣ ಆಗ ಬರಲಿಲ್ಲ. ಎಷ್ಟೋ ವರ್ಷದ ಮೇಲೆ ಮತ್ತೆ ಚಳವಳಿ ಎದ್ದಾಗ ಮುಪ್ಪಾದ ಕಾಕಾ ತಾಂಡೂರಿನ ನಮ್ಮ ಮನೆಗೆ ಬಂದಿದ್ದ. ದಿನಾ ಹೋಗಿ ಧರಣಿಯ ಪೆಂಡಾಲಿನಲ್ಲಿ ಕೂರುತ್ತಿದ್ದ. ಒಂದು ಸಂಜೆ ಅವನನ್ನು ಕರೆತರಲು ಹೋದಾಗ ಸುತ್ತ ಕೂತವರಿಗೆ ಆ ಕಥೆ ಹೇಳುತ್ತಿದ್ದ. ಕೈ ಎತ್ತಿ ಪೆಂಡಾಲಿನ ಬಟ್ಟೆಯಾಚೆ ತೋರಿಸಿ, "ಅಷ್ಟು ಮ್ಯಾಲ ಇತ್ತು ನೋಡ್ರಿ, ನಾ ಹೊಲದಾಗೇ ನಿಂತಿದ್ದೆ," ಎಂದ. ಅದರಲ್ಲಿ ಸುಳ್ಳು ಹೇಳುವವನ ದನಿ ಇರಲಿಲ್ಲ. ನಾನು ತಿದ್ದಬೇಕೆಂದುಕೊಂಡೆ. ಆದರೆ ಅವನು ಬೆರಳು ತೋರಿಸಿದ ಕಡೆ ನೋಡಿದಾಗ, ಬಹಳ ಎತ್ತರದಲ್ಲಿ ಪಂಖಾ ನಿಂತ ವಿಮಾನ ನನಗೂ ಕಂಡಂತಾಯಿತು. ಅದು ನಾನು ಅಂದು ಕಂಡದ್ದೋ, ಅವನು ಹೇಳಿ ಹೇಳಿ ಕಾಣಿಸಿದ್ದೋ, ಈಗಲೂ ಹೇಳಲಾರೆ.